ಕ್ಲೋಸಪ್‌ನಲ್ಲಿ ಕಾಣುವ ಮುಖ

ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿಗಳು ಖಾಲಿ ಇವೆ. ಸತ್ಯವೇದದಲ್ಲಿ ಎರಡು ಕಡೆ ಬೆರಳಿಟ್ಟುಕೊಳ್ಳಿ: ಎರಡನೇ ಸಮುವೇಲ 14ನೇ ಅಧ್ಯಾಯ, ಯೋಬ 2ನೇ ಅಧ್ಯಾಯ. ಫೋನಿನಲ್ಲಿ ಓದೋರು ಆ್ಯಪ್ ತೆರೆಯಿರಿ, ಸೆಲ್ಫಿ ಕ್ಯಾಮೆರಾ ತೆರೆದು ಕೂದಲು ಸರಿ ಮಾಡ್ಕೋಬೇಡಿ. ನನಗೆ ಇಲ್ಲಿಂದ ಎಲ್ಲಾ ಕಾಣಿಸುತ್ತೆ.

ಇವತ್ತು ಮೊಡವೆ ಬಗ್ಗೆ ಮಾತಾಡ್ತೀನಿ. ನಗಬೇಡಿ. ನಮ್ಮ ಯೌವನಸ್ಥರ ಕೂಟದ ಪ್ರಾರ್ಥನಾ ವಿನಂತಿ ಚೀಟಿಗಳನ್ನು ಓದೋನು ನಾನು. ಕೆಲಸ, ಪರೀಕ್ಷೆ, ಮದುವೆ ಆದಮೇಲೆ ಅತಿ ಹೆಚ್ಚು ಬರೋದು ಮುಖದ ಬಗ್ಗೆ. ಹೆಸರು ಬರೆಯದೆ, ಚಿಕ್ಕ ಅಕ್ಷರದಲ್ಲಿ ಬರೆದಿರ್ತಾರೆ. ಒಂದು ಚೀಟಿಯಲ್ಲಿ, ಆಫೀಸಿನ ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಹಾಕೋಕೆ ಧೈರ್ಯ ಬರಲಿ ಅಂತ ಪ್ರಾರ್ಥಿಸಿ ಎಂದಿತ್ತು. ಅದಕ್ಕೆ ನಗೋಕೆ ನನಗಂತೂ ಆಗಲಿಲ್ಲ.

ನನ್ನ ಮುಖ ನೋಡಿ. ಈ ಗುಳಿಗಳೆಲ್ಲ 16ರಿಂದ 22ರ ವಯಸ್ಸಿನೊಳಗೆ ಬಂದವು. ಹಾಸ್ಟೆಲ್‌ನಲ್ಲಿ ನನಗಿದ್ದ ಹೆಸರು ಹಾಗಲಕಾಯಿ. ಅದನ್ನ ತಡ್ಕೊಂಡೆ. ತಡ್ಕೊಳ್ಳೋಕೆ ಆಗದೇ ಇದ್ದದ್ದು ಬೇರೆ ಮಾತು. ಒಂದು ಉಪವಾಸ ಕೂಟ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ತುಂಬಾ ಪ್ರೀತಿಯಿಂದಲೇ, "ತಮ್ಮಾ, ಏನಾದ್ರೂ ರಹಸ್ಯ ಪಾಪ ಇದ್ಯಾ? ಅರಿಕೆ ಮಾಡ್ಬಿಡು, ಮುಖ ತಿಳಿಯಾಗುತ್ತೆ" ಅಂದರು. ನಾನು ಮೂರು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಇದ್ದದ್ದು, ಇಲ್ಲದ್ದು ಎಲ್ಲಾ ಅರಿಕೆ ಮಾಡಿದೆ. ನಾಲ್ಕನೇ ದಿನ ಕನ್ನಡಿ ನೋಡಿದರೆ ಹೊಸದಾಗಿ ಎರಡು ಎದ್ದಿದ್ದವು.

ಹರೆಯದಲ್ಲಿ ಹಾರ್ಮೋನು ಏರುತ್ತೆ, ಚರ್ಮದ ಎಣ್ಣೆ ಗ್ರಂಥಿ ಜಾಸ್ತಿ ಕೆಲಸ ಮಾಡುತ್ತೆ, ರಂಧ್ರ ಮುಚ್ಚಿಕೊಳ್ಳುತ್ತೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಆಗುತ್ತೆ. ಅದು ಆಳಕ್ಕೆ ಹೋದರೆ ವಾಸಿಯಾದ ಮೇಲೂ ಗುಳಿ ಉಳಿಯುತ್ತೆ. ಇಷ್ಟೇ. ಇದನ್ನ ಹೇಳೋಕೆ ಆ ಹಿರಿಯರಿಗೆ ಗೊತ್ತಿರಲಿಲ್ಲ, ಕೇಳೋಕೆ ನನಗೂ ಗೊತ್ತಿರಲಿಲ್ಲ.

ಈಗ ಸಿನಿಮಾಗೆ ಬರ್ತೀನಿ. ಪಾಸ್ಟರ್ ಸಿನಿಮಾ ಮಾತಾಡ್ತಾರಾ ಅಂತ ಹುಬ್ಬೇರಿಸಬೇಡಿ, ನೀವು ನೋಡ್ತೀರ ಅನ್ನೋದು ನನಗೆ ಗೊತ್ತು.

1953ರಲ್ಲಿ 'ದಿ ರೋಬ್' ಅಂತ ಒಂದು ಚಿತ್ರ ಬಂತು. ಸಿನಿಮಾಸ್ಕೋಪ್‌ನಲ್ಲಿ ಬಿಡುಗಡೆಯಾದ ಮೊದಲ ಚಿತ್ರ ಅದು, ಅಂದರೆ ಅಷ್ಟು ಅಗಲದ ಪರದೆ. ಯೇಸುವನ್ನು ಶಿಲುಬೆಗೆ ಹಾಕುವ ತುಕಡಿಯ ರೋಮನ್ ಅಧಿಕಾರಿ ಪಗಡೆಯಾಟದಲ್ಲಿ ಆತನ ನಿಲುವಂಗಿ ಗೆಲ್ಲುತ್ತಾನೆ, ಆಮೇಲೆ ಅವನ ಬದುಕೇ ಬದಲಾಗುತ್ತೆ. ಆ ಪಾತ್ರ ಮಾಡಿದ್ದು ರಿಚರ್ಡ್ ಬರ್ಟನ್. ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ, 13 ಮಕ್ಕಳಲ್ಲಿ 12ನೆಯವನು. ಹರೆಯದ ಮೊಡವೆ ಅವನ ಕೆನ್ನೆಯಲ್ಲಿ ಗುಳಿ ಬಿಟ್ಟು ಹೋಗಿತ್ತು. ಆ ಮುಖವನ್ನ ಅಷ್ಟಗಲದ ಪರದೆಗೆ ತಂದರು. ಅದೇ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಜೀವನದಲ್ಲಿ ಒಟ್ಟು 7 ಸಲ ನಾಮನಿರ್ದೇಶನ, ಒಂದು ಸಲವೂ ಗೆಲ್ಲಲಿಲ್ಲ, ಅದು ಬೇರೆ ಕಥೆ. ಜನ ಅವನನ್ನ ಏನಂದರು? ಸುಂದರ ಅಂದರು. ಗಡಸು ಗಂಡಸು ಅಂದರು. ನಮ್ಮ ಓಂ ಪುರಿಯನ್ನೂ ಹಾಗೇ. ಅರ್ಧ ಸತ್ಯ ನೋಡಿದವರು ಆ ಗುಳಿಬಿದ್ದ ಮುಖದಲ್ಲೇ ನಟನೆ ಇದೆ ಅಂದರು. ಎರಡು ರಾಷ್ಟ್ರಪ್ರಶಸ್ತಿ ಬಂದವು. ಶಿವರಾಜ್‌ಕುಮಾರ್ ಜೊತೆ ಎ.ಕೆ. 47ರಲ್ಲಿ ನಮ್ಮ ಕನ್ನಡಕ್ಕೂ ಬಂದರು.

ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕ ಬೇರೆ. ಸಾಯಿ ಪಲ್ಲವಿ 2015ರಲ್ಲಿ ಪ್ರೇಮಂ ಚಿತ್ರದಲ್ಲಿ ಬಂದಾಗ ಕೆನ್ನೆ ಮೇಲಿನ ಮೊಡವೆ ಹಾಗೇ ಕಾಣಿಸ್ತಿತ್ತು. ಜನ ಹೇಗೆ ತಗೊಳ್ತಾರೋ ಅಂತ ತನಗೇ ಅಳುಕಿತ್ತು ಅಂತ ಅವರು ಹೇಳಿಕೊಂಡಿದ್ದಾರೆ. ಮುಂದೆ ಮುಖ ಬೆಳ್ಳಗೆ ಮಾಡುವ ಕ್ರೀಮಿನ ಜಾಹೀರಾತು ಬಂದಾಗ ಬೇಡ ಅಂದರು. 2 ಕೋಟಿ ರೂಪಾಯಿ ಅಂತ ಪತ್ರಿಕೆಗಳು ಬರೆದವು. ಜನ ಆಕೆಗೆ ಏನಂತಾರೆ ಗೊತ್ತಾ? "ಧೈರ್ಯವಂತೆ" ಅಂತಾರೆ. ಮೊಡವೆ ಇಟ್ಟುಕೊಂಡು ಮನೆಯಿಂದ ಹೊರಗೆ ಬಂದರೆ ಅದು ಧೈರ್ಯ! ಯುದ್ಧಕ್ಕೆ ಹೋದ ಹಾಗೆ! ಅದೇ ಕಲೆ ಗಂಡಸಿನ ಮುಖದಲ್ಲಿದ್ದರೆ ಗತ್ತು.

ಸಿನಿಮಾ ಇನ್ನೊಂದು ಕೆಲಸ ಮಾಡಿದೆ. ಕೆಟ್ಟವನು ಅಂತ ಗೊತ್ತಾಗಬೇಕಾದರೆ ಮುಖದ ಮೇಲೆ ಒಂದು ಗಾಯದ ಗುರುತು ಎಳೆಯೋದು. ಮಕ್ಕಳ ಚಿತ್ರ 'ಲಯನ್ ಕಿಂಗ್'ನಲ್ಲಿ ದುಷ್ಟ ಚಿಕ್ಕಪ್ಪನ ಹೆಸರೇ 'ಸ್ಕಾರ್'. ಐದು ವರ್ಷದ ಮಗು ಕಲಿಯೋದು ಇದನ್ನೇ: ಕಲೆ ಇದ್ದರೆ ಕೆಡುಕ. ಬ್ರಿಟನ್‌ನಲ್ಲಿ ಇದರ ವಿರುದ್ಧ ದನಿ ಎದ್ದು, 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಖಳನಾಯಕನನ್ನು ಮುಖದ ಗಾಯದಿಂದ ಗುರುತಿಸುವ ಚಿತ್ರಗಳಿಗೆ ನಾವು ಹಣ ಕೊಡಲ್ಲ ಅಂತ ಹೇಳಿತು. ಲೋಕ ಅಷ್ಟು ದೂರ ಬಂದಿದೆ. ಸಭೆ ಎಲ್ಲಿದೆ?

ಪ್ರಿಯರೇ, ಈ ನಟರ ಹೆಸರು ಹೇಳಿ, "ನೋಡಿ, ಅವರು ಗೆದ್ದರು, ನೀವೂ ಗೆಲ್ತೀರಿ" ಅನ್ನೋಕೆ ನಾನು ಬಂದಿಲ್ಲ. ಅವರಿಗೆ ಪ್ರಶಸ್ತಿ ಬಂದ ಮೇಲೆ ಆ ಕಲೆ ನಮಗೆ ಇಷ್ಟ ಆಯ್ತು. ಪ್ರಸಿದ್ಧರ ಕಲೆಗೆ ಚಪ್ಪಾಳೆ, ಪಕ್ಕದ ಮನೆ ಹುಡುಗಿಯ ಕಲೆಗೆ ಅರಿಶಿನ ಮತ್ತು ಸಲಹೆ. ಮದುವೆ ಮಾತುಕತೆಯಲ್ಲಿ "ಫಿಲ್ಟರ್ ಇಲ್ಲದ ಫೋಟೋ ಕಳಿಸಿ" ಅಂತ ಕೇಳೋರು ನಮ್ಮ ಸಭೆಗಳಲ್ಲೂ ಇದ್ದಾರೆ. ಬೇಸರ ಆದರೂ ಹೇಳ್ತೀನಿ.

ಈಗ ಸತ್ಯವೇದ ತೆರೆಯಿರಿ. ಎರಡನೇ ಸಮುವೇಲ 14:25. ಅಬ್ಷಾಲೋಮ. ಕಾಲಿನಿಂದ ತಲೆಯವರೆಗೆ ಒಂದು ಕುಂದೂ ಇಲ್ಲದವನು, ಇಡೀ ಇಸ್ರಾಯೇಲಿನಲ್ಲಿ ಹೊಗಳಿಕೆ. ಅವನ ಕೂದಲು ಕತ್ತರಿಸಿ ತೂಗಿದರೆ 200 ಶೆಕೆಲ್. ಇವತ್ತಾಗಿದ್ದರೆ ಆ ತೂಗೋದರದ್ದೂ ರೀಲ್ಸ್ ಬರ್ತಿತ್ತು. ಈಗ ಯೋಬ 2:7. ಅಲ್ಲೂ ಕಾಲಿನಿಂದ ತಲೆಯವರೆಗೆ, ಆದರೆ ಹುಣ್ಣು. ಒಂದೇ ಅಳತೆ, ಎರಡು ಮೈ. ಒಬ್ಬನ ಮೈಯಲ್ಲಿ ಒಂದು ಚುಕ್ಕೆ ಇಲ್ಲ, ಇನ್ನೊಬ್ಬ ಮಡಕೆ ಚೂರಿನಿಂದ ಕೆರಕೊಳ್ತಾ ಬೂದಿಯಲ್ಲಿ ಕೂತಿದ್ದಾನೆ. ಮೊದಲನೆಯವನು ತಂದೆಯ ಮೇಲೇ ಕತ್ತಿ ಎತ್ತಿದ. ಎರಡನೆಯವನನ್ನ ದೇವರು "ನನ್ನ ಸೇವಕ" ಅಂತ ಕರೆದನು. ಹಲ್ಲೆಲೂಯಾ! ಕ್ಲೋಸಪ್ ತೆಗೆದಿದ್ದರೆ ನೀವು ಯಾರ ಮುಖಕ್ಕೆ ಲೈಕ್ ಒತ್ತುತ್ತಿದ್ದಿರಿ?

ಸುಂದರವಾಗಿರೋದು ತಪ್ಪು ಅಂತ ಅಲ್ಲ. ದೇವರು ಹೃದಯ ನೋಡ್ತಾನೆ ಅಂತ ಸಮುವೇಲನಿಗೆ ಹೇಳಿದ ಅದೇ ಅಧ್ಯಾಯದಲ್ಲೇ ದಾವೀದನೂ ನೋಡೋಕೆ ಚೆನ್ನಾಗಿದ್ದ ಅಂತ ಬರೆದಿದೆ. ಚೆನ್ನಾಗಿರೋರು ಬೇಜಾರಾಗಬೇಡಿ.

ಯೋಬನ ಸ್ನೇಹಿತರನ್ನ ನೋಡಿ. ಏಳು ದಿನ ಸುಮ್ಮನೆ ಕೂತರು, ಅದು ಅವರು ಮಾಡಿದ ಒಳ್ಳೆ ಕೆಲಸ. ಬಾಯಿ ತೆರೆದ ಮೇಲೆ, ನೀನೇನೋ ಮಾಡಿದ್ದೀಯ, ಒಪ್ಪಿಕೋ ಅಂತ ಶುರುಮಾಡಿದರು. ಚರ್ಮ ನೋಡಿ ಆತ್ಮದ ರಿಪೋರ್ಟ್ ಬರೆದರು. ನನ್ನ ಹಿರಿಯರು ಮಾಡಿದ್ದೂ ಅದೇ. ಎಷ್ಟೋ ವರ್ಷ ಅವರ ಮೇಲೆ ನನಗೆ ಕೋಪ ಇತ್ತು. ಕಳೆದ ತಿಂಗಳವರೆಗೂ ಇತ್ತು.

ಕಳೆದ ತಿಂಗಳು ಏನಾಯ್ತು ಅಂತ ಹೇಳ್ತೀನಿ. ಅವರ ಅನುಮತಿ ಕೇಳಿದ್ದೀನಿ, ಹೆಸರು ಹೇಳಲ್ಲ. ಎರಡು ವರ್ಷದ ಹಿಂದೆ ನಮ್ಮ ಆರಾಧನೆ ಲೈವ್ ಶುರುವಾದಾಗ ತಂಡದಲ್ಲಿ ಒಬ್ಬ ಸಹೋದರಿ ಮುಂದೆ ನಿಂತು ಹಾಡ್ತಿದ್ದರು. ಮುಖದ ತುಂಬಾ ಕೆಂಪು ಮೊಡವೆ. ಮಾನಿಟರ್‌ನಲ್ಲಿ ಕ್ಲೋಸಪ್ ಬಂತು. ನಾನು, ಈ ಹಾಗಲಕಾಯಿ ಮುಖದವನು, ಹತ್ತಿರ ಹೋಗಿ, "ಸಿಸ್ಟರ್, ಲೈಟಿಂಗ್ ಸರಿ ಬರ್ತಿಲ್ಲ, ಸ್ವಲ್ಪ ಕೀಬೋರ್ಡ್ ಹಿಂದೆ ನಿಲ್ತೀರಾ?" ಅಂದೆ. ಲೈಟಿಂಗ್ ಚೆನ್ನಾಗೇ ಇತ್ತು. ಅವರು ತಲೆಯಾಡಿಸಿ ಹಿಂದೆ ಹೋದರು. ಮೂರು ವಾರ ಅಲ್ಲೇ ನಿಂತು ಹಾಡಿದರು. ಆಮೇಲೆ ಆಫೀಸ್ ಶಿಫ್ಟ್ ಬದಲಾಯ್ತು ಅಂತ ಮೆಸೇಜ್ ಬಂತು. ನಾನು "ಗಾಡ್ ಬ್ಲೆಸ್" ಅಂತ ಕಳಿಸಿ ಮರೆತೆ.

ಕಳೆದ ತಿಂಗಳು ಈ ಯೋಬನ ಪುಸ್ತಕ ಓದ್ತಾ ಇದ್ದಾಗ ಪವಿತ್ರಾತ್ಮನು ಆ ಕೀಬೋರ್ಡ್ ಹಿಂದಿನ ಜಾಗ ನನಗೆ ತೋರಿಸಿದನು. ಫೋನ್ ಮಾಡಿದೆ. ಮೆಟ್ರೋ ನಿಲ್ದಾಣದಲ್ಲಿ, ಅವರ ಶಿಫ್ಟ್‌ಗೆ ಮುಂಚೆ ಹದಿನೈದು ನಿಮಿಷ ಸಿಕ್ಕರು. ನಾನು ಸುಳ್ಳು ಹೇಳಿದೆ, ನಿಮ್ಮ ಮುಖಕ್ಕೋಸ್ಕರ ಹಿಂದೆ ಕಳಿಸಿದೆ, ಕ್ಷಮಿಸಿ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಸ್ಟರ್, ಮೊಡವೆ ಅಂತ ನೇರವಾಗಿ ಹೇಳಿದ್ರೆ ಡಾಕ್ಟರ್ ಹತ್ರ ತೋರಿಸ್ತಿದ್ದೀನಿ ಅಂತಿದ್ದೆ. ಲೈಟಿಂಗ್ ಅಂದ್ರಲ್ಲ, ಅದಕ್ಕೆ ಏನು ಉತ್ತರ ಕೊಡ್ಲಿ?" ಅಂದರು.

ಯೋಬ 42ನ್ನು ಮನೆಗೆ ಹೋಗಿ ಓದಿ. ದೇವರು ಆ ಸ್ನೇಹಿತರಿಗೆ, ಯೋಬನ ಹತ್ತಿರ ಹೋಗಿ, ಅವನು ನಿಮಗೋಸ್ಕರ ಪ್ರಾರ್ಥಿಸ್ತಾನೆ ಅಂತಾನೆ. ಸ್ನೇಹಿತರು ಯೋಬನಿಗೆ ಪ್ರಾರ್ಥಿಸೋದಲ್ಲ! ಅದಕ್ಕೆ ನಾನು ಆ ಸಹೋದರಿಗೆ, "ನನಗೋಸ್ಕರ ಪ್ರಾರ್ಥಿಸ್ತೀರಾ?" ಅಂತ ಕೇಳಿದೆ. ಜನ ಓಡಾಡ್ತಿದ್ದರು. ಅವರು ಕಣ್ಣು ಮುಚ್ಚಿ ಎರಡು ವಾಕ್ಯ ಪ್ರಾರ್ಥಿಸಿ ಟ್ರೈನ್ ಹತ್ತಿದರು. ಇನ್ನೂ ವೇದಿಕೆಗೆ ಬಂದಿಲ್ಲ. ಬನ್ನಿ ಅಂತ ಒತ್ತಾಯ ಮಾಡೋ ಹಕ್ಕು ನನಗಿಲ್ಲ.

ಡಾಕ್ಟರ್ ಅಂದ ಕೂಡಲೇ ಒಂದು ಮಾತು. ಚರ್ಮದ ವೈದ್ಯರ ಹತ್ತಿರ ಹೋಗೋದು ಅವಿಶ್ವಾಸ ಅಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕ್ರೀಮ್ ತಗೊಂಡು ಹಚ್ಚೋದು ಮಾತ್ರ ಬೇಡ. ಅವುಗಳಲ್ಲಿ ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತೆ. ಎರಡು ವಾರ ಮುಖ ಹೊಳೆಯುತ್ತೆ, ಬಿಟ್ಟರೆ ಕೆಂಪಗೆ ಉರಿಯುತ್ತೆ, ಚರ್ಮ ತೆಳುವಾಗುತ್ತೆ, ಮೊಡವೆ ಇನ್ನೂ ಜಾಸ್ತಿ ಆಗುತ್ತೆ. ಚಿವುಟಬೇಡಿ, ಅದೇ ಗುಳಿ ಆಗೋದು. ಇದು ನನ್ನ ಅನುಭವದ ಸಾಕ್ಷಿ.

ಕೊನೆಗೆ ಯೋಹಾನ 20. ಬಾಗಿಲು ಮುಚ್ಚಿದೆ, ಶಿಷ್ಯರು ಹೆದರಿದ್ದಾರೆ, ಕರ್ತನು ನಡುವೆ ನಿಂತನು. ಮರಣವನ್ನೇ ಗೆದ್ದ ಮಹಿಮೆಯ ಶರೀರ ಅದು. ಗೋಡೆ ಅಡ್ಡ ಬರಲಿಲ್ಲ, ಸಮಾಧಿ ತಡೆಯಲಿಲ್ಲ. ಅಂಥ ಶರೀರದಲ್ಲಿ ಮೊಳೆಯ ಗುರುತು ಅಳಿಸೋದು ಆತನಿಗೆ ಕಷ್ಟವಾಗಿತ್ತಾ? ಅಳಿಸಲಿಲ್ಲ. ಇಟ್ಟುಕೊಂಡನು. ತೋರಿಸಿದನು. ತೋರಿಸಿದ ಮೇಲೇ ಅವರಿಗೆ ಸಂತೋಷ ಆಯ್ತು ಅಂತ ಬರೆದಿದೆ. ನನ್ನ ಗುಳಿಯನ್ನು ಶಿಲುಬೆಯ ಗಾಯಕ್ಕೆ ಹೋಲಿಸ್ತಿಲ್ಲ, ದಯವಿಟ್ಟು. ಆತನ ಗಾಯ ನಮಗಾಗಿ ಆದದ್ದು, ನನ್ನದು ಎಣ್ಣೆ ಗ್ರಂಥಿಯಿಂದ ಆದದ್ದು. ಆದರೆ ಕಲೆ ಕಂಡರೆ ಮುಖ ತಿರುಗಿಸುವವನ ಹತ್ತಿರ ನಾವು ಪ್ರಾರ್ಥಿಸ್ತಿಲ್ಲ. ಸ್ವರ್ಗದ ಸಿಂಹಾಸನದಲ್ಲಿ ಕೂತಿರೋನ ಕೈಯಲ್ಲೂ ಕಲೆ ಇದೆ. ಆಮೆನ್?

ಎದ್ದು ನಿಲ್ಲೋಣ. ಮೀಡಿಯಾ ಟೀಮಿನ ತಮ್ಮಂದಿರೇ, ಲೈವ್‌ನಲ್ಲಿ ಮುಖ ನುಣುಪು ಮಾಡುವ ಆ ಸೆಟ್ಟಿಂಗ್ ಇದೆಯಲ್ಲ, ಅದನ್ನ ಹಾಕಿಸಿದ್ದು ನಾನೇ. ಈಗ ತೆಗೆದುಬಿಡಿ. ಹೌದು, ಈಗಲೇ. ಕ್ಲೋಸಪ್ ಹಾಕಿ, ಪರವಾಗಿಲ್ಲ.

ಎಲ್ಲರೂ ಕಣ್ಣು ಮುಚ್ಚಿ. ತಂದೆಯೇ, ಯೇಸುವಿನ ನಾಮದಲ್ಲಿ ಬರುತ್ತೇವೆ. ಈ ಕಟ್ಟಡದಲ್ಲಿ ಯಾರನ್ನಾದರೂ ನಾವು ಹಿಂದಕ್ಕೆ ಕಳಿಸಿದ್ದರೆ ಅವರ ಹೆಸರನ್ನು ಈಗ ನಮ್ಮ ನೆನಪಿಗೆ ತಾ...