ವಿಧಿ, ವಸ್ತು, ಪ್ರತಿನಿಧಿ: ಕೋಡ್‌ನಲ್ಲಿ ಬರೆದ ಲೋಡ್ ಬ್ಯಾಲೆನ್ಸರ್ ಕುರಿತು

ವಾಕ್ಯವೊಂದು ಇರುವುದನ್ನು ಹೇಳುತ್ತದೆಯೋ ಆಗಬೇಕಾದುದನ್ನು ಹೇಳುತ್ತದೆಯೋ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ಜೈಮಿನಿಯ ಸೂತ್ರಗಳನ್ನೂ ಅವುಗಳ ಮೇಲಿನ ಶಬರಭಾಷ್ಯವನ್ನೂ ಆಧರಿಸಿ ಬೆಳೆದ ಪೂರ್ವಮೀಮಾಂಸೆಯು ವೇದವಾಕ್ಯಗಳ ತಾತ್ಪರ್ಯವಿರುವುದು ‘ಸಾಧ್ಯ’ದಲ್ಲಿ, ಎಂದರೆ ಇನ್ನೂ ಆಗದಿರುವ, ಮಾಡಿ ಮುಗಿಸಬೇಕಾದ ಕಾರ್ಯದಲ್ಲಿ ಎಂದು ವಾದಿಸಿದರೆ, ವೇದಾಂತಿಗಳು ಉಪನಿಷತ್ತುಗಳು ‘ಸಿದ್ಧ’ವಾದ, ಎಂದರೆ ಯಾರೂ ಮಾಡಬೇಕಾಗಿಲ್ಲದೆ ಇದ್ದೇ ಇರುವ ವಸ್ತುವನ್ನು ತಿಳಿಸುತ್ತವೆ ಎಂದು ಉತ್ತರಿಸಿದರು. ಈ ಚರ್ಚೆ ಯಜ್ಞಶಾಲೆಗೂ ವಾಕ್ಯಾರ್ಥಸಭೆಗೂ ಸೀಮಿತವೆಂದು ತೋರಬಹುದಾದರೂ, ಗಣಕಲೋಕದಲ್ಲಿ ಈಚೆಗೆ ನೆಲೆಯೂರಿದ ಒಂದು ಬರವಣಿಗೆಯ ಕ್ರಮ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದೆ. ಸರ್ವರ್, ಜಾಲ, ಸಂಗ್ರಹಣೆ ಮುಂತಾದ ಮೂಲಸೌಕರ್ಯವನ್ನು ಕೈಯಿಂದ ಒಂದೊಂದಾಗಿ ಹೊಂದಿಸುವ ಬದಲು ಅದು ಹೇಗಿರಬೇಕೆಂಬುದನ್ನು ಪಠ್ಯವಾಗಿ ಬರೆದಿಟ್ಟು, ಆ ಪಠ್ಯಕ್ಕೆ ಸರಿಯಾಗಿ ವಸ್ತುಸ್ಥಿತಿಯನ್ನು ಯಂತ್ರವೇ ತಿದ್ದುವಂತೆ ಮಾಡುವ ಈ ಪದ್ಧತಿಗೆ ‘ಇನ್‌ಫ್ರಾಸ್ಟ್ರಕ್ಚರ್ ಆಸ್ ಕೋಡ್’ ಎಂದು ಹೆಸರು. ಹಾಗೆ ಬರೆದ ಪಠ್ಯವು ವಿಧಿಯೋ ವರ್ಣನೆಯೋ, ಪಠ್ಯಕ್ಕೂ ವಸ್ತುವಿಗೂ ಹೊಂದದಿದ್ದಾಗ ತಪ್ಪು ಯಾರದು, ವಸ್ತುವಿನ ಯಾವ ಅಂಶ ಬದಲಾದರೆ ಅದು ಅದೇ ವಸ್ತುವಾಗಿ ಉಳಿಯುತ್ತದೆ ಎಂಬ ಪ್ರಶ್ನೆಗಳಿಗೆ ತಂತ್ರಜ್ಞರು ದಿನವೂ ಉತ್ತರ ಕೊಡುತ್ತಿದ್ದಾರೆ. ಆದರೆ ಅವು ಪ್ರಶ್ನೆಗಳೆಂಬ ಅರಿವಿನಿಂದ ಕೊಡುತ್ತಿರುವವರು ಕಡಿಮೆ.

ವಿಚಾರಕ್ಕೆ ಒಂದು ನಿರ್ದಿಷ್ಟ ವಸ್ತು ಬೇಕು. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ಮಕ್ಕಳು ಒಂದೇ ಗಳಿಗೆಯಲ್ಲಿ ಒಂದು ಜಾಲತಾಣವನ್ನು ತೆರೆಯುತ್ತಾರೆಂದು ಕಲ್ಪಿಸಿಕೊಂಡರೆ, ಒಂದೇ ಸರ್ವರ್ ಆ ಭಾರವನ್ನು ತಾಳಲಾರದೆಂಬುದು ಸ್ಪಷ್ಟ. ಆದ್ದರಿಂದ ಒಂದೇ ಕೆಲಸ ಮಾಡುವ ಹಲವು ಸರ್ವರ್‌ಗಳನ್ನು ಹಿಂದೆ ನಿಲ್ಲಿಸಿ, ಮುಂಬಾಗಿಲಿನಲ್ಲಿ ನಿಂತು ಬಂದ ಕೋರಿಕೆಗಳನ್ನು ಅವುಗಳಿಗೆ ಹಂಚುವ ಒಂದು ಸಾಧನವನ್ನು ಇಡುತ್ತಾರೆ. ಅದೇ ಲೋಡ್ ಬ್ಯಾಲೆನ್ಸರ್. ಅಮೆಜಾನ್ ವೆಬ್ ಸರ್ವಿಸಸ್ ಈ ಬಗೆಯ ಸೇವೆಯನ್ನು 2009ರಲ್ಲಿ ಆರಂಭಿಸಿ, 2016ರಲ್ಲಿ ಕೋರಿಕೆಯ ಒಳಗಿನ ವಿಳಾಸವನ್ನೂ ಓದಿ ದಾರಿ ತೋರಿಸಬಲ್ಲ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರನ್ನು ಹೊರತಂದಿತು. ಅಮೆಜಾನಿನ ಮುಂಬಯಿ ಪ್ರದೇಶದ ಕೇಂದ್ರಗಳು ತೆರೆದದ್ದೂ ಅದೇ ವರ್ಷ. ಲೋಡ್ ಬ್ಯಾಲೆನ್ಸರನ್ನು ಕೋಡ್‌ನಲ್ಲಿ ಬರೆಯಲು ಹೆಚ್ಚು ಬಳಕೆಯಲ್ಲಿರುವ ಉಪಕರಣಗಳಲ್ಲಿ ಒಂದಾದ ಟೆರಾಫಾರ್ಮ್ 2014ರಲ್ಲಿ ಹ್ಯಾಶಿಕಾರ್ಪ್ ಸಂಸ್ಥೆಯಿಂದ ಬಂತು. ಬರೆಯುವವನು ಮೊದಲು ಯಾವ ಪ್ರದೇಶ ಎಂಬುದನ್ನು ಹೇಳುತ್ತಾನೆ, ಪೂಜೆಗೆ ಕುಳಿತವನು ಸಂಕಲ್ಪದಲ್ಲಿ ದೇಶಕಾಲಗಳನ್ನು ಉಚ್ಚರಿಸಿದ ಬಳಿಕವೇ ಉದ್ದೇಶಕ್ಕೆ ಬರುವ ಹಾಗೆ. ಆಮೇಲೆ ಲೋಡ್ ಬ್ಯಾಲೆನ್ಸರಿನ ಹೆಸರು, ಅದು ಅಂತರ್ಜಾಲಕ್ಕೆ ತೆರೆದುಕೊಂಡಿರಬೇಕೋ ಸಂಸ್ಥೆಯ ಒಳಜಾಲಕ್ಕಷ್ಟೇ ಇರಬೇಕೋ ಎಂಬುದು, ಅದು ನೆಲೆಸುವ ಕನಿಷ್ಠ ಎರಡು ಪ್ರತ್ಯೇಕ ವಲಯಗಳು; ಯಾವ ಪೋರ್ಟಿನಲ್ಲಿ ಕೋರಿಕೆಗೆ ಕಿವಿಗೊಡಬೇಕೆಂದು ಹೇಳುವ ‘ಲಿಸನರ್’; ಕೋರಿಕೆ ಸೇರಬೇಕಾದ ಸರ್ವರ್‌ಗಳ ಗುಂಪಾದ ‘ಟಾರ್ಗೆಟ್ ಗ್ರೂಪ್’; ಆ ಸರ್ವರ್‌ಗಳು ಸ್ವಸ್ಥವಾಗಿವೆಯೇ ಎಂದು ನಿಯತಕಾಲಕ್ಕೊಮ್ಮೆ ಕೇಳಿ ನೋಡುವ ‘ಹೆಲ್ತ್ ಚೆಕ್’ ಇವೆಲ್ಲ ಬರುತ್ತವೆ.

ಈ ಪಠ್ಯದಲ್ಲಿ ಎದ್ದು ಕಾಣುವುದು ‘ಹೇಗೆ’ ಎಂಬುದರ ಗೈರುಹಾಜರಿ. ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರು ವಿಧಿವಾಕ್ಯದ ಹೃದಯವನ್ನು ‘ಭಾವನೆ’ ಎಂದು ಕರೆಯುತ್ತಾರೆ. ಇಲ್ಲಿ ಆ ಪದಕ್ಕೆ ಮನಸ್ಸಿನ ಭಾವ ಎಂಬ ಅರ್ಥವಿಲ್ಲ, ಏನನ್ನಾದರೂ ಆಗಿಸುವ ವ್ಯಾಪಾರ ಎಂದರ್ಥ. ಆ ಭಾವನೆಗೆ ಮೂರು ಆಕಾಂಕ್ಷೆಗಳಿವೆ: ಏನನ್ನು ಆಗಿಸಬೇಕು ಎಂಬ ಸಾಧ್ಯ, ಯಾವುದರಿಂದ ಆಗಿಸಬೇಕು ಎಂಬ ಸಾಧನ, ಯಾವ ಕ್ರಮದಲ್ಲಿ ಆಗಿಸಬೇಕು ಎಂಬ ಇತಿಕರ್ತವ್ಯತೆ. ಟೆರಾಫಾರ್ಮಿನ ಪಠ್ಯವು ಸಾಧ್ಯವನ್ನು ವಿವರವಾಗಿ ಹೇಳಿ, ಸಾಧನವನ್ನು ಹೆಸರಿಸಿ, ಇತಿಕರ್ತವ್ಯತೆಯನ್ನು ಬಹುಪಾಲು ಬಿಟ್ಟುಬಿಡುತ್ತದೆ; ಲಿಸನರಿಗೆ ಮೊದಲು ಲೋಡ್ ಬ್ಯಾಲೆನ್ಸರ್ ಇರಬೇಕು, ಅದಕ್ಕೆ ಮೊದಲು ಜಾಲ ಇರಬೇಕು ಎಂಬ ಪೌರ್ವಾಪರ್ಯವನ್ನು ಒಂದು ಭಾಗ ಇನ್ನೊಂದನ್ನು ಉಲ್ಲೇಖಿಸುವ ರೀತಿಯಿಂದಲೇ ಉಪಕರಣ ಊಹಿಸಿಕೊಳ್ಳುತ್ತದೆ. ಹೇಳದೆ ಬಿಟ್ಟ ಬೆಲೆಗಳೂ ಶೂನ್ಯವಾಗಿ ಉಳಿಯುವುದಿಲ್ಲ. ಸುಮ್ಮನಿರುವ ಸಂಪರ್ಕವನ್ನು ಎಷ್ಟು ಹೊತ್ತು ಹಿಡಿದಿರಬೇಕೆಂದು ಬರೆಯದಿದ್ದರೆ 60 ಸೆಕೆಂಡು ಎಂದೂ, ಗುಂಪಿನಿಂದ ಹೊರಬೀಳುತ್ತಿರುವ ಸರ್ವರಿಗೆ ಕೈಯಲ್ಲಿರುವ ಕೆಲಸ ಮುಗಿಸಲು ಎಷ್ಟು ಬಿಡುವು ಎಂದು ಬರೆಯದಿದ್ದರೆ 300 ಸೆಕೆಂಡು ಎಂದೂ ತೆಗೆದುಕೊಳ್ಳಲಾಗುತ್ತದೆ. ವಿಕೃತಿಯಾಗದಲ್ಲಿ, ಎಂದರೆ ಮಾದರಿಯಿಂದ ಹುಟ್ಟಿದ ಯಾಗದಲ್ಲಿ, ಹೇಳದೆ ಉಳಿದ ಅಂಗಗಳನ್ನು ಪ್ರಕೃತಿಯಾಗದಿಂದ ತಂದುಕೊಳ್ಳುವುದಕ್ಕೆ ಮೀಮಾಂಸೆಯಲ್ಲಿ ‘ಅತಿದೇಶ’ ಎಂಬ ಹೆಸರಿದೆ. ಮೌನಕ್ಕೂ ಅರ್ಥವಿದೆಯೆಂದೂ ಆ ಅರ್ಥ ಬೇರೆಡೆಯಿಂದ ಬರುತ್ತದೆಂದೂ ಅಷ್ಟು ಹಿಂದೆಯೇ ಸೂಕ್ಷ್ಮವಾಗಿ ವಿವೇಚಿಸಿದ ಶಾಸ್ತ್ರ ಇನ್ನೊಂದು ಸಿಗುವುದು ಕಷ್ಟ.

ಪಠ್ಯ ವಿಧಿಯೇ ಆಗಿದ್ದರೆ ಅದಕ್ಕೂ ಲೋಕಕ್ಕೂ ಇರುವ ಸಂಬಂಧವೇನು? ಇಂಗ್ಲೆಂಡಿನ ತತ್ತ್ವಜ್ಞೆ ಎಲಿಜಬೆತ್ ಆನ್ಸ್‌ಕಂಬ್ 1957ರಲ್ಲಿ ಪ್ರಕಟವಾದ ‘ಇಂಟೆನ್ಶನ್’ ಎಂಬ ಕೃತಿಯಲ್ಲಿ ಇದನ್ನು ಬಿಡಿಸುವ ಒಂದು ಉದಾಹರಣೆಯನ್ನು ಕೊಟ್ಟಿದ್ದಾರೆ. ಒಬ್ಬ ಮನುಷ್ಯ ಚೀಟಿ ಹಿಡಿದು ಪೇಟೆಗೆ ಹೋಗಿ ಅದರಲ್ಲಿರುವಂತೆ ಸಾಮಾನು ಕೊಳ್ಳುತ್ತಾನೆ. ಅವನ ಹಿಂದೆ ಬಿದ್ದ ಪತ್ತೇದಾರ ಅವನು ಕೊಂಡದ್ದನ್ನೆಲ್ಲ ಇನ್ನೊಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಎರಡು ಚೀಟಿಗಳಲ್ಲಿ ಅಕ್ಷರಗಳು ಒಂದೇ ಆಗಿರಬಹುದು. ಆದರೆ ಚೀಲದಲ್ಲಿರುವುದಕ್ಕೂ ಮೊದಲನೆಯ ಚೀಟಿಗೂ ತಾಳೆಯಾಗದಿದ್ದರೆ ತಪ್ಪು ಕೊಂಡವನ ಕೃತಿಯಲ್ಲಿದೆ, ಎರಡನೆಯ ಚೀಟಿಗೆ ತಾಳೆಯಾಗದಿದ್ದರೆ ತಪ್ಪು ಬರಹದಲ್ಲಿದೆ. ಟೆರಾಫಾರ್ಮ್ ಈ ಎರಡೂ ಚೀಟಿಗಳನ್ನು ಇಟ್ಟುಕೊಂಡಿರುತ್ತದೆ. ಕೋಡ್ ಮೊದಲನೆಯದು, ತಾನು ನಿರ್ಮಿಸಿದ ವಸ್ತುಗಳನ್ನೂ ಅವುಗಳ ಗುರುತುಗಳನ್ನೂ ಉಪಕರಣ ದಾಖಲಿಸಿಕೊಳ್ಳುವ ‘ಸ್ಟೇಟ್ ಫೈಲ್’ ಎರಡನೆಯದು. ‘ಪ್ಲಾನ್’ ಎಂಬ ಆದೇಶ ಕೊಟ್ಟಾಗ ಅದು ಲೋಕವನ್ನು ಮತ್ತೊಮ್ಮೆ ನೋಡಿ ಎರಡನೆಯ ಚೀಟಿಯನ್ನು ತಿದ್ದಿಕೊಂಡು, ಅದನ್ನು ಮೊದಲನೆಯದರೊಡನೆ ಹೋಲಿಸಿ, ಆಗಬೇಕಾದ ಬದಲಾವಣೆಗಳನ್ನು ಮುಂದಿಡುತ್ತದೆ. ‘ಅಪ್ಲೈ’ ಎಂದಾಗ ಅವನ್ನು ನೆರವೇರಿಸುತ್ತದೆ.

ತೊಡಕು ಹುಟ್ಟುವುದು ತಂತ್ರಜ್ಞರ ನಡುವೆ ಆಪ್ತವಾಗಿಬಿಟ್ಟಿರುವ ಒಂದು ಮಾತಿನಿಂದ. ಕೋಡ್ ‘ಸತ್ಯದ ಏಕೈಕ ಮೂಲ’ ಎಂದು ಅವರು ಹೇಳುತ್ತಾರೆ. ಹೊಣೆಯ ದೃಷ್ಟಿಯಿಂದ ಆ ಮಾತು ಒಳ್ಳೆಯದನ್ನೇ ಬಯಸುತ್ತದೆ: ಯಾರು ಏನನ್ನು ಏಕೆ ಬದಲಿಸಿದರೆಂಬುದು ಬರಹದಲ್ಲಿರಬೇಕು, ಒಬ್ಬರ ನೆನಪಿನಲ್ಲಿ ಅಡಗಿರಬಾರದು. ಆದರೆ ಸತ್ಯ ಎಂಬ ಪದ ಇಲ್ಲಿ ಸಲ್ಲದು. ಮೀಮಾಂಸಕರಿಗೆ ವಿಧಿ ಪ್ರಮಾಣವಾಗಿದ್ದದ್ದು ಮಾಡಬೇಕಾದುದರ ವಿಷಯದಲ್ಲಿ. ಇರುವುದರ ವಿಷಯದಲ್ಲಿ ಪ್ರತ್ಯಕ್ಷಾದಿ ಪ್ರಮಾಣಗಳಿಗೆ ಅವರು ಅಧಿಕಾರವನ್ನು ಬಿಟ್ಟುಕೊಟ್ಟಿದ್ದರು. ವೇದವಿಧಿ ಎಂದೂ ತಪ್ಪಲಾರದೆಂದು ಅವರು ಹೇಳಿದ್ದಕ್ಕೆ ಕಾರಣ ಅದು ಅಪೌರುಷೇಯ, ಎಂದರೆ ಯಾವ ವ್ಯಕ್ತಿಯೂ ರಚಿಸದ್ದು ಎಂಬ ನಂಬಿಕೆ. ಮನುಷ್ಯನ ಮಾತಿಗಾದರೋ ಆಡಿದವನ ಭ್ರಮೆ, ಅಲಕ್ಷ್ಯ, ಅಜ್ಞಾನಗಳೆಲ್ಲ ಅಂಟಿಕೊಳ್ಳಬಲ್ಲವು ಎಂಬುದನ್ನು ಅವರೇ ಒತ್ತಿ ಹೇಳಿದರು. ಲೋಡ್ ಬ್ಯಾಲೆನ್ಸರಿನ ಕೋಡ್ ಸಂಪೂರ್ಣವಾಗಿ ಪೌರುಷೇಯ. ಅದರಿಂದ ಬರೆದವನ ಸಂಕಲ್ಪವೇನೆಂದು ಖಚಿತವಾಗಿ ತಿಳಿಯುತ್ತದೆ, ಸಂಕಲ್ಪ ಸರಿಯೆಂದು ತಿಳಿಯುವುದಿಲ್ಲ.

ಇದು ಪದಗಳ ಜಗಳವಲ್ಲ. ಫಲಿತಾಂಶದ ಹಿಂದಿನ ರಾತ್ರಿ ಸರ್ವರ್‌ಗಳು ನಿಧಾನವಾಗಿ ಉತ್ತರಿಸುತ್ತಿರುವುದರಿಂದ ಹೆಲ್ತ್ ಚೆಕ್ ಅವನ್ನು ಅಸ್ವಸ್ಥವೆಂದು ಬಗೆದು ಒಂದೊಂದಾಗಿ ಹೊರಗಿಡುತ್ತಿದೆ. ಪಾಳಿಯಲ್ಲಿರುವವರು ಕನ್ಸೋಲಿಗೆ ಹೋಗಿ, ಎಂದರೆ ಕೋಡಿನ ಹೊರಗೆ ನೇರವಾಗಿ ಸೇವೆಯ ಪುಟದಲ್ಲಿ, ಉತ್ತರಕ್ಕೆ ಕಾಯುವ ಅವಧಿಯನ್ನು ಹಿಗ್ಗಿಸಿ ತಾಣವನ್ನು ಉಳಿಸುತ್ತಾರೆಂದು ಭಾವಿಸಬಹುದು. ಪಠ್ಯಕ್ಕೂ ವಸ್ತುವಿಗೂ ಹೀಗೆ ಬೀಳುವ ಅಂತರಕ್ಕೆ ‘ಡ್ರಿಫ್ಟ್’ ಎನ್ನುತ್ತಾರೆ. ಬೆಳಗ್ಗೆ ಇನ್ನಾರೋ ಬೇರೊಂದು ಕಾರಣಕ್ಕೆ ಅಪ್ಲೈ ಮಾಡಿದರೆ ರಾತ್ರಿಯ ತಿದ್ದುಪಡಿ ಅಳಿಸಿಹೋಗುತ್ತದೆ. ಉಪಕರಣದ ಸಹಜ ನಿಲುವಿನಂತೆ ತಪ್ಪಿದ್ದು ಲೋಕ. ಆ ರಾತ್ರಿ ಲೋಕ ಒಂದು ಸಾಕ್ಷ್ಯವನ್ನು ಹೇಳಿತ್ತು, ಬರೆದವನ ಊಹೆ ಸಾಲದೆಂದು ತೋರಿಸಿಕೊಟ್ಟಿತ್ತು ಎಂಬುದು ಪ್ಲಾನಿನ ಸಾಲಿನಲ್ಲಿ ಹಳೆಯ ಸಂಖ್ಯೆ, ಹೊಸ ಸಂಖ್ಯೆಗಳಾಗಿ ಮಾತ್ರ ಉಳಿಯುತ್ತದೆ. ಇದರ ಜೊತೆಗಿಟ್ಟು ನೋಡಬೇಕಾದ ವಿಷಯವೆಂದರೆ, ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ತಾನೇ ತನ್ನ ಪ್ರಮಾಣವನ್ನು ಅಷ್ಟು ಕುರುಡಾಗಿ ನಂಬುವುದಿಲ್ಲ: ಗುಂಪಿನ ಎಲ್ಲ ಸರ್ವರ್‌ಗಳೂ ಅಸ್ವಸ್ಥವೆಂದು ಕಂಡುಬಂದಾಗ ಅದು ಬಾಗಿಲು ಮುಚ್ಚುವ ಬದಲು ಎಲ್ಲಕ್ಕೂ ಕೋರಿಕೆಗಳನ್ನು ಕಳಿಸತೊಡಗುತ್ತದೆ. ಎಲ್ಲರೂ ರೋಗಿಗಳೆಂದು ಪರೀಕ್ಷೆ ಹೇಳುವಾಗ ಪರೀಕ್ಷೆಯನ್ನೇ ಶಂಕಿಸಲು ಎಡೆಮಾಡಿಕೊಡುವ ಈ ವಿವೇಕ ಪಠ್ಯವನ್ನು ಸತ್ಯವೆನ್ನುವವರಲ್ಲೂ ಇರಬೇಕಾದದ್ದು.

ಇನ್ನೂ ಆಳವಾದ ಪ್ರಶ್ನೆ ಅನನ್ಯತೆಯದು, ಮತ್ತು ಇಲ್ಲಿ ಮೀಮಾಂಸಾಸೂತ್ರದ ಆರನೆಯ ಅಧ್ಯಾಯದ ಪ್ರತಿನಿಧಿವಿಚಾರ ಬೆರಗಾಗುವಷ್ಟು ಹತ್ತಿರ ಬರುತ್ತದೆ. ಯಾಗಕ್ಕೆ ವಿಧಿಸಿದ ದ್ರವ್ಯ ಸಿಗದಿದ್ದರೆ ಏನು ಮಾಡಬೇಕು? ವ್ರೀಹಿ ಎಂಬ ಭತ್ತ ದೊರೆಯದಿದ್ದರೆ ಕಾಡುಭತ್ತವಾದ ನೀವಾರವನ್ನು ಬಳಸಬಹುದು, ಸೋಮಲತೆ ಇಲ್ಲದಿದ್ದರೆ ಪೂತೀಕವನ್ನು ಬಳಸಬಹುದು, ಕರ್ಮ ಅದೇ ಕರ್ಮವಾಗಿ ಉಳಿಯುತ್ತದೆ. ಆದರೆ ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಪ್ರತಿನಿಧಿಯಿಲ್ಲ. ಅವು ಬದಲಾದರೆ ಬೇರೆಯೇ ಕರ್ಮವಾಗುತ್ತದೆ. ಹಲವರು ಕೂಡಿ ನಡೆಸುವ ಸತ್ರಯಾಗವನ್ನು ಬಿಟ್ಟರೆ ಯಜಮಾನನಿಗೂ ಪ್ರತಿನಿಧಿಯಿಲ್ಲ, ಏಕೆಂದರೆ ಅವನ ಸ್ಥಾನದಲ್ಲಿ ನಿಂತವನೇ ಫಲದ ಒಡೆಯನಾಗಿಬಿಡುತ್ತಾನೆ. ಟೆರಾಫಾರ್ಮಿನಲ್ಲಿಯೂ ಪ್ರತಿಯೊಂದು ಗುಣದ ಮೇಲೆ ಇಂಥದೇ ಒಂದು ತೀರ್ಪು ಅಚ್ಚಾಗಿರುತ್ತದೆ. ಹೆಲ್ತ್ ಚೆಕ್ಕಿನ ಅವಧಿ, ಸಂಪರ್ಕ ಹಿಡಿದಿಡುವ ಕಾಲ, ಹಿಂದೆ ನಿಂತ ಸರ್ವರ್‌ಗಳ ಸಂಖ್ಯೆ ಇವು ಬದಲಾದರೆ ವಸ್ತು ಇದ್ದಲ್ಲೇ ತಿದ್ದಲ್ಪಡುತ್ತದೆ. ಲೋಡ್ ಬ್ಯಾಲೆನ್ಸರಿನ ಹೆಸರು ಬದಲಾದರೆ, ಅಥವಾ ಅದು ಹೊರಜಾಲಕ್ಕೆ ತೆರೆದದ್ದೋ ಒಳಜಾಲದ್ದೋ ಎಂಬುದು ಬದಲಾದರೆ, ಅಥವಾ ಟಾರ್ಗೆಟ್ ಗ್ರೂಪಿನ ಪೋರ್ಟ್ ಬದಲಾದರೆ, ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಬೇಕೆಂದು ಪ್ಲಾನ್ ಹೇಳುತ್ತದೆ. ಹೊಸ ಲೋಡ್ ಬ್ಯಾಲೆನ್ಸರಿಗೆ ಜಾಲದಲ್ಲಿ ಹೊಸ ವಿಳಾಸವೂ ಬರುತ್ತದೆ. ಮನುಷ್ಯರ ಕಣ್ಣಿಗೆ ಹೆಸರು ತೀರ ಬಾಹ್ಯವಾದ ಉಪಾಧಿಯಾಗಿಯೂ ಬಾಗಿಲು ಯಾವ ಕಡೆ ತೆರೆದಿದೆ ಎಂಬುದು ಸಾರಭೂತವಾಗಿಯೂ ತೋರಬಹುದು, ಆದರೆ ಈ ವ್ಯವಸ್ಥೆಯಲ್ಲಿ ಎರಡಕ್ಕೂ ಒಂದೇ ಪದವಿ. ಅಷ್ಟೇ ಅಲ್ಲದೆ, ಹೊರಲೋಕದ ವಸ್ತುವನ್ನು ಮುಟ್ಟದೆ ಕೋಡಿನ ಒಳಗೆ ಅದಕ್ಕಿಟ್ಟ ಗುರುತನ್ನಷ್ಟೇ ಬದಲಿಸಿದರೂ, ಹಳೆಯ ವಸ್ತು ಬೇಡವಾಯಿತು, ಹೊಸದೊಂದು ಬೇಕಾಯಿತು ಎಂದೇ ಉಪಕರಣ ತಿಳಿಯುತ್ತದೆ. ಅದು ಇದೇ, ಹೆಸರಷ್ಟೇ ಬೇರೆ ಎಂದು ಹೇಳುವ ಒಂದು ಪ್ರತ್ಯೇಕ ವಾಕ್ಯಪ್ರಕಾರವನ್ನು 2021ರಲ್ಲಿ ಭಾಷೆಗೆ ಸೇರಿಸಬೇಕಾಯಿತು. ಪ್ರತ್ಯಭಿಜ್ಞೆಯನ್ನು, ಎಂದರೆ ‘ಅದೇ ಇದು’ ಎಂಬ ಗುರುತಿಸುವಿಕೆಯನ್ನು, ಯಂತ್ರಕ್ಕೆ ಬಾಯಿಬಿಟ್ಟು ಹೇಳಿಕೊಡಬೇಕಾಗಿ ಬಂತು.

ಪ್ರತಿನಿಧಿವಿಚಾರದಲ್ಲಿ ಮತ್ತೊಂದು ಸೂಕ್ಷ್ಮವಿದೆ. ವ್ರೀಹಿಯ ಬದಲಿಗೆ ತಂದ ನೀವಾರವೂ ನಡುವೆ ಹಾಳಾದರೆ, ಮುಂದೆ ಹುಡುಕಬೇಕಾದದ್ದು ನೀವಾರವನ್ನು ಹೋಲುವುದನ್ನಲ್ಲ, ವ್ರೀಹಿಯನ್ನು ಹೋಲುವುದನ್ನು. ಪ್ರತಿನಿಧಿಗೆ ಸ್ವಂತ ಅಧಿಕಾರವಿಲ್ಲ, ಅದು ಮೂಲದ ಸಾದೃಶ್ಯದಿಂದಷ್ಟೇ ಆ ಸ್ಥಾನದಲ್ಲಿದೆ. ಲೋಡ್ ಬ್ಯಾಲೆನ್ಸರಿನ ಹಿಂದೆ ಕೆಟ್ಟ ಸರ್ವರಿನ ಜಾಗಕ್ಕೆ ಹೊಸದನ್ನು ತರುವಾಗ, ಈಗಾಗಲೇ ಅಲ್ಲಿ ಇಲ್ಲಿ ತೇಪೆ ಹಾಕಿದ ಇನ್ನೊಂದು ಸರ್ವರಿನ ಪಡಿಯಚ್ಚನ್ನು ತೆಗೆಯದೆ, ಮೊದಲೇ ಸಿದ್ಧಪಡಿಸಿದ ಮೂಲಬಿಂಬದಿಂದಲೇ ಕಟ್ಟಬೇಕೆಂಬುದು ಈ ವೃತ್ತಿಯ ಅನುಭವಿಗಳು ಹಲವು ಸೋಲುಗಳ ಬಳಿಕ ಕಂಡುಕೊಂಡ ನಿಯಮ. ಜೈಮಿನಿಯ ವಿಚಾರ ಅವರಿಗೆ ತಿಳಿದಿತ್ತೆಂದಲ್ಲ. ಪ್ರಶ್ನೆ ಒಂದೇ ಆಗಿದ್ದುದರಿಂದ ಉತ್ತರವೂ ಹತ್ತಿರ ಬಂತು.

ಸಾದೃಶ್ಯ ಎಲ್ಲಿ ಮುಗಿಯುತ್ತದೆಂಬುದನ್ನೂ ಹೇಳಬೇಕು. ಶ್ರೌತಕರ್ಮದಲ್ಲಿ ಲೋಪವಾದಾಗ ಪ್ರಾಯಶ್ಚಿತ್ತವುಂಟು: ಹವಿಸ್ಸು ಚೆಲ್ಲಿತು, ಅಗ್ನಿ ಆರಿತು ಎಂಬುದನ್ನು ಒಪ್ಪಿಕೊಂಡು, ಅದಕ್ಕೆಂದೇ ವಿಧಿಸಿದ ಹೋಮವನ್ನು ಮಾಡಿ, ಕರ್ಮವನ್ನು ಮುಂದುವರಿಸುತ್ತಾರೆ. ನಡೆದದ್ದು ನಡೆಯಿತೆಂಬುದು ಕರ್ಮದ ಒಳಗೇ ಸೇರುತ್ತದೆ. ಟೆರಾಫಾರ್ಮಿನ ಅಪ್ಲೈ ಇಂಥ ಒಪ್ಪಿಗೆಯಿಲ್ಲದೆಯೇ ವ್ಯತ್ಯಾಸವನ್ನು ಒರೆಸಿಹಾಕುತ್ತದೆ. ಒಪ್ಪಿಕೊಳ್ಳುವ ದಾರಿಗಳು ಅದರಲ್ಲಿಯೂ ಇಲ್ಲವೆಂದಲ್ಲ: ಲೋಕವನ್ನು ಬದಲಿಸದೆ ದಾಖಲೆಯನ್ನಷ್ಟೇ ಹೊಸದಾಗಿಸುವ ಕ್ರಮವಿದೆ, ಈ ಒಂದು ಗುಣದ ಮಟ್ಟಿಗೆ ಲೋಕ ಏನಾದರೂ ಮಾಡಿಕೊಳ್ಳಲಿ, ತಾನು ಅಡ್ಡಬರುವುದಿಲ್ಲ ಎಂದು ಕೋಡಿನಲ್ಲಿಯೇ ಬರೆದುಕೊಡುವ ಕ್ರಮವೂ ಇದೆ. ಹೊರೆ ಏರಿದಂತೆ ತಾನಾಗಿ ಹೆಚ್ಚುವ ಸರ್ವರ್‌ಗಳ ಸಂಖ್ಯೆಗೆ ಈ ಎರಡನೆಯದನ್ನು ಅನ್ವಯಿಸುತ್ತಾರೆ, ಏಕೆಂದರೆ ಆ ಸಂಖ್ಯೆಯನ್ನು ಪಠ್ಯ ಗಟ್ಟಿಯಾಗಿ ಹಿಡಿದರೆ ಜನ ತುಂಬಿರುವ ಹೊತ್ತಿನಲ್ಲಿಯೇ ಸರ್ವರ್‌ಗಳು ಕೆಳಗಿಳಿಯಬಹುದು. ಆದರೆ ಈ ದಾರಿಗಳಲ್ಲಿ ಯಾವುದನ್ನು ಎಂದು ಹಿಡಿಯಬೇಕೆಂಬ ನಿರ್ಣಯ ಉಪಕರಣದ್ದಲ್ಲ, ಪ್ರತಿನಿಧಿಯಿಲ್ಲದ ಯಜಮಾನನದು.

ಮೇಲೆ ಕಲ್ಪಿಸಿದ ರಾತ್ರಿಯ ಮರುದಿನಕ್ಕೆ ಹಿಂತಿರುಗಿದರೆ, ಎರಡು ಸಂಗತಿಗಳಲ್ಲಿ ಒಂದು ನಡೆದಿರುತ್ತದೆ. ಪಾಳಿಯವರು ಹಿಗ್ಗಿಸಿದ ಅವಧಿಯನ್ನು ಯಾರೋ ಓದಿ, ಕಾರಣ ಕೇಳಿ, ಆ ಸಂಖ್ಯೆಯನ್ನು ಕೋಡಿಗೆ ಬರೆದುಕೊಂಡಿರುತ್ತಾರೆ; ಇಲ್ಲವೇ ಯಾರೂ ಕೇಳದೆ ಅಪ್ಲೈ ಮಾಡಿ ಹಳೆಯ ಸಂಖ್ಯೆ ಮರಳಿರುತ್ತದೆ. ಆಮೇಲೆ ಪ್ಲಾನ್ ಕೇಳಿದರೆ ಎರಡೂ ಸಂದರ್ಭಗಳಲ್ಲಿ ತೆರೆಯ ಮೇಲೆ ಬರುವ ವರದಿ ಒಂದೇ: ಬದಲಾವಣೆಗಳಿಲ್ಲ, ವಸ್ತುಸ್ಥಿತಿ ಪಠ್ಯಕ್ಕೆ ಹೊಂದುತ್ತದೆ ಎಂದು. ಯಾವುದು ಯಾವುದಕ್ಕೆ ಮಣಿದು ಹೊಂದಿತು ಎಂಬುದು ಆ ವರದಿಯಲ್ಲಿ ಇರುವುದಿಲ್ಲ.