ಪರಿತ್ಯಾಗದ ತರುವಾಯ ಪ್ರೇಮ

ಒಮ್ಮೆ ಭಗ್ನವಾದ ವಿಶ್ವಾಸವು ಮರಳಿ ಕೂಡುವುದೆ? ಕೂಡಿದರೂ ಅದನ್ನು ಪ್ರೇಮವೆನ್ನಬಹುದೆ, ಅಥವಾ ಅದು ಬರಿಯ ಸಹನೆಯೆ? ಈ ಪ್ರಶ್ನೆಯು ತತ್ತ್ವಜ್ಞರಿಗಿಂತಲೂ ಗೃಹಸ್ಥರಿಗೆ ಹೆಚ್ಚು ಸಂಬಂಧಪಟ್ಟುದು. ನೊಂದವರನ್ನು ಕಂಡೊಡನೆ “ಆದುದಾಯಿತು, ಮರೆತುಬಿಡು” ಎಂದು ಬುದ್ಧಿ ಹೇಳುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಈ ಬುದ್ಧಿವಾದವು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಭವಭೂತಿಯ ಉತ್ತರರಾಮಚರಿತದ ನೆರವಿನಿಂದ ವಿಚಾರಿಸೋಣ.

ಎಂಟನೆಯ ಶತಮಾನದ ಈ ಕವಿಯು ಮಹಾವೀರಚರಿತದಲ್ಲಿ ಪಟ್ಟಾಭಿಷೇಕದವರೆಗಿನ ಕಥೆಯನ್ನು ಹೇಳಿ, ಅದರ ಮುಂದಿನ ಭಾಗವನ್ನು 7 ಅಂಕಗಳ ಈ ನಾಟಕದಲ್ಲಿ ರಚಿಸಿದನು. ರಾಮನ ತೋಳನ್ನೇ ತಲೆದಿಂಬಾಗಿಸಿಕೊಂಡು ಮಲಗಿದ್ದ ಗರ್ಭಿಣಿ ಸೀತೆಯನ್ನು ಅವನು ಜನಾಪವಾದಕ್ಕಂಜಿ ತ್ಯಜಿಸುವನು. ಆಕೆಯನ್ನು ಕೇಳಲಿಲ್ಲ, ಆಕೆಗೆ ತಿಳಿಸಲೂ ಇಲ್ಲ. ರಾಜಧರ್ಮವೆಂದು ಇದನ್ನು ಸಮರ್ಥಿಸುವವರುಂಟು. ಆದರೆ ನಂಬಿ ನಿದ್ರಿಸಿದವಳ ಪಾಲಿಗೆ ಅದು ವಿಶ್ವಾಸಘಾತವೇ ಸರಿ. ಮನೆಯಲ್ಲಿ ಸಾಕಿದ ಹಕ್ಕಿಯನ್ನು ಕೊಲ್ಲುವ ಕಟುಕನಿಗೆ ರಾಮನೇ ತನ್ನನ್ನು ಹೋಲಿಸಿಕೊಳ್ಳುವನಲ್ಲವೆ?

ಹನ್ನೆರಡು ವರ್ಷಗಳು ಕಳೆದ ಮೇಲೆ ನಡೆಯುವ ಮೂರನೆಯ ಅಂಕವು ಈ ನಾಟಕದ ಹೃದಯವು. ರಾಮನು ಪಂಚವಟಿಗೆ ಬಂದು ಹಳೆಯ ತಾಣಗಳನ್ನು ಕಂಡು ಮೂರ್ಛೆ ಹೋಗುವನು. ವನದೇವತೆಯಾದ ವಾಸಂತಿಯು ಅವನನ್ನು ಕಠಿಣವಾಗಿ ಪ್ರಶ್ನಿಸುವಳು. ಭಾಗೀರಥಿಯ ಮಹಿಮೆಯಿಂದ ಅದೃಶ್ಯಳಾದ ಸೀತೆಯು ತಮಸೆಯೊಡನೆ ಅಲ್ಲಿಯೇ ನಿಂತು ಎಲ್ಲವನ್ನೂ ಕೇಳುತ್ತಿರುವಳು. ಆಕೆಯಿರುವಳೆಂಬುದು ರಾಮನಿಗೆ ತಿಳಿಯದು. ಆದಕಾರಣ ಅವನ ಕಣ್ಣೀರಿನಲ್ಲಿ ಕ್ಷಮೆಯನ್ನು ಸಂಪಾದಿಸುವ ಹಂಚಿಕೆಯಿಲ್ಲ. ಅಶ್ವಮೇಧದಲ್ಲಿ ಸಹಧರ್ಮಿಣಿಯ ಸ್ಥಾನಕ್ಕೆ ಬೇರೊಬ್ಬಳನ್ನು ತರದೆ ತನ್ನ ಚಿನ್ನದ ಪ್ರತಿಮೆಯನ್ನೇ ಇರಿಸಿದನೆಂದು ಕೇಳಿದಾಗ, ಸೀತೆಗೆ ತನ್ನೆದೆಯಲ್ಲಿ ನೆಟ್ಟಿದ್ದ ಪರಿತ್ಯಾಗದ ಶಲ್ಯವು ಕಿತ್ತುಹೋದಂತಾಗುವುದು. ಕಾಣದ ಕಡೆಯಲ್ಲಿ ಉಳಿದ ನಿಷ್ಠೆಯೇ ನಿಜವಾದ ಪಶ್ಚಾತ್ತಾಪದ ಗುರುತು.

ಆದರೂ ಕವಿಯು ನಾಟಕವನ್ನು ಅಲ್ಲಿಗೆ ಮುಗಿಸಲಿಲ್ಲ. ಲೋಕದ ಮುಂದೆ ನಡೆದ ಅನ್ಯಾಯವು ಏಕಾಂತದ ಕಣ್ಣೀರಿನಿಂದ ತೊಳೆದುಹೋಗದು. ಏಳನೆಯ ಅಂಕದಲ್ಲಿ ಗಂಗಾತೀರದಲ್ಲಿ ಪೌರಜಾನಪದರೆಲ್ಲ ನೆರೆದಿರಲು, ವಾಲ್ಮೀಕಿ ರಚಿಸಿದ ನಾಟಕವನ್ನು ಅಪ್ಸರೆಯರು ಆಡಿ ತೋರಿಸುವರು. ಅರುಂಧತಿಯು ಸೀತೆಯನ್ನು ಕರೆತಂದು ಪ್ರಜೆಗಳನ್ನು ಕೇಳುವಳು, ಅವರು ತಲೆಬಾಗುವರು. ಆ ಬಳಿಕವೇ ಪುನರ್ಮಿಲನ.

ವಾಲ್ಮೀಕಿರಾಮಾಯಣದ ಉತ್ತರಕಾಂಡದಲ್ಲಾದರೋ ಕಥೆಯು ಬೇರೆಯೇ ಆಗಿದೆ. ಸಭೆಯಲ್ಲಿ ಮತ್ತೊಮ್ಮೆ ಶುದ್ಧಿಯನ್ನು ತೋರಿಸಬೇಕಾಗಿ ಬಂದಾಗ ಸೀತೆಯು ಭೂಮಿಯನ್ನು ಪ್ರವೇಶಿಸುವಳು. ಆಕೆಗೆ ಪ್ರೇಮವು ಕಡಮೆಯಾಗಿತ್ತೆಂದು ಯಾರು ಹೇಳಬಲ್ಲರು? ಲಕ್ಷ್ಮೀಶನ ಜೈಮಿನಿಭಾರತದಲ್ಲಿ ಕಾಡಿನ ಪಾಲಾದ ಸೀತೆಯ ಪ್ರಲಾಪವನ್ನು ಕೇಳಿ ಕಣ್ಣೊರಸಿಕೊಂಡ ಕನ್ನಡದ ಮನೆಗಳು ಹಾಗೆ ಹೇಳಲಾರವು.

ಈ ಎರಡು ಮುಕ್ತಾಯಗಳೂ ಒಂದೇ ನೀತಿಯನ್ನು ಎರಡು ಕಡೆಯಿಂದ ತೋರಿಸುತ್ತವೆಂದು ನನ್ನ ಮತ. ಪರೀಕ್ಷೆಯು ನೊಂದವಳ ಮೇಲೆಯೇ ಮರಳಿ ಬಿದ್ದಲ್ಲಿ ಮಿಲನವಾಗಲಿಲ್ಲ. ನೋಯಿಸಿದವರ ಮೇಲೆ ಬಿದ್ದಲ್ಲಿ ಆಯಿತು. ಕ್ಷಮೆಯು ದಾನವೇ ಹೊರತು ಸಾಲವಲ್ಲ. ಅದನ್ನು ಕೊಡುವ ಹಕ್ಕಿರುವವರಿಗೆ ಕೊಡದಿರುವ ಹಕ್ಕೂ ಉಂಟು. ಆದುದರಿಂದ “ಮರೆತುಬಿಡು” ಎನ್ನುವ ಹಿರಿಯರು ಆ ಮಾತನ್ನಾಡುವ ಮೊದಲು ಇನ್ನೊಂದು ಕಡೆಗೆ ತಿರುಗಿ, “ನೀನು ಏನನ್ನು ಸರಿಪಡಿಸಿದೆ?” ಎಂದು ಕೇಳುವುದು ಉಚಿತವು. ಅದಕ್ಕೆ ಉತ್ತರವು ದೊರೆತ ಮನೆಯಲ್ಲಿ ಪ್ರೇಮವು ಮತ್ತೆ ಚಿಗುರಬಹುದು.