ಸೋಲುವ ಪಕ್ಷದಲ್ಲಿ ಉಳಿದವನ ಹಿರಿಮೆ

ಪಟ್ಟಣದಲ್ಲಿ ಓದುತ್ತಿರುವ ನಮ್ಮ ಕಡೆಯ ಒಬ್ಬ ಯೌವನಸ್ಥನು ರಜೆಗೆ ಊರಿಗೆ ಬಂದಿದ್ದಾಗ, ಒಂದು ಸಂಜೆ ಜಗಲಿಯಲ್ಲಿ ಕೂತುಕೊಂಡು ನನ್ನನ್ನು ಹೀಗೆ ಕೇಳಿದನು: “ಉಪದೇಶಿಗಳೇ, ಒಬ್ಬನು ತನ್ನ ಕೆಲಸದಲ್ಲಿ ಎಲ್ಲರಿಗಿಂತ ಗಟ್ಟಿಗನಾಗಿದ್ದೂ, ಯಾವಾಗಲೂ ಸೋಲುವವರ ಸಂಗಡವೇ ಇದ್ದು ಪ್ರಾಯ ಕಳೆದರೆ, ಅವನನ್ನು ದೊಡ್ಡವನೆನ್ನಬೇಕೋ, ಬುದ್ಧಿಯಿಲ್ಲದವನೆನ್ನಬೇಕೋ?” ಅವನು ಕೇಳಿದ್ದು ಅಮೇರಿಕಾ ದೇಶದ ಬೇಸ್‌ಬಾಲ್ ಎಂಬ ಚೆಂಡಾಟದ ವಿಷಯವಾಗಿ. ನಾನು ಆ ಹೊತ್ತು ತಕ್ಕ ಉತ್ತರ ಕೊಡಲಾರದೆ ಹೋದೆನು. ಆ ಮೇಲೆ ಆ ಆಟದ ಚರಿತ್ರೆಯನ್ನು ತರಿಸಿಕೊಂಡು ಓದಿದೆನು. ಆಟದ ಮಾತು ನಮಗೇಕೆಂದು ಹಿರಿಯರು ಬೇಸರಪಡಬಾರದು. ಪ್ರಶ್ನೆಯು ಆಟದ್ದಾದರೂ ಅದರೊಳಗಿನ ತೊಡಕು ಎಲ್ಲರದು.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು ಹೇಳುವದು ಅವಶ್ಯ. ನಾನೂ ಅದನ್ನು ಮೈದಾನದಲ್ಲಿ ಕಂಡವನಲ್ಲ. ಒಂದೊಂದು ಪಕ್ಷದಲ್ಲಿ ಒಂಬತ್ತು ಮಂದಿ. ಒಬ್ಬನು ಚೆಂಡನ್ನು ಎಸೆಯುವನು; ಎದುರು ಪಕ್ಷದವನು ದುಂಡನೆಯ ದೊಣ್ಣೆಯಿಂದ ಅದನ್ನು ಹೊಡೆದು, ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ಓಟವಾಗುವದು. ಚೆಂಡು ಬೇಲಿಯ ಆಚೆಗೆ ಹಾರಿ ಬಿದ್ದರೆ ಅದಕ್ಕೆ ಹೋಮ್‌ರನ್ ಎಂದು ಹೆಸರು. ಕ್ರಿಕೆಟ್ ಆಟದಲ್ಲಾದರೆ ಗಟ್ಟಿಗನಾದ ಒಬ್ಬನು ಔಟಾಗದೆ ದಿನವೆಲ್ಲಾ ನಿಂತು ತನ್ನ ಪಕ್ಷವನ್ನು ಉಳಿಸಬಹುದು. ಇಲ್ಲಿ ಹಾಗಿಲ್ಲ. ಒಂಬತ್ತು ಮಂದಿಯೂ ಸರದಿಯಂತೆ ಹೊಡೆಯಬೇಕು. ಎಷ್ಟು ಸಮರ್ಥನಾದರೂ ಒಂದು ಆಟದಲ್ಲಿ ಸಾಮಾನ್ಯವಾಗಿ ನಾಲ್ಕೈದು ಸಾರಿ ಮಾತ್ರ ಅವನ ಸರದಿ ಬರುವದು. ಎಸೆಯುವವನಾದರೋ ತೋಳು ದಣಿಯುವದರಿಂದ ನಾಲ್ಕೈದು ದಿನಕ್ಕೊಮ್ಮೆ ಮಾತ್ರ ಆಟ ಆರಂಭಿಸುವನು. ಹೀಗಿರುವದರಿಂದ ಒಬ್ಬನೇ ತನ್ನ ಪಕ್ಷವನ್ನು ಎಳೆದು ದಡ ಸೇರಿಸುವದು ಈ ಆಟದಲ್ಲಿ ಕೂಡದ ಕೆಲಸ. ಇದನ್ನು ಮೊದಲು ಮನಸ್ಸಿನಲ್ಲಿಡದೆ ತೀರ್ಪು ಹೇಳುವವನು ಅನ್ಯಾಯದ ತೀರ್ಪನ್ನೇ ಹೇಳುವನು.

ಶಿಕಾಗೋ ಪಟ್ಟಣದ ಕಬ್ಸ್ ಎಂಬ ಪಕ್ಷದಲ್ಲಿ ಎರ್ನಿ ಬ್ಯಾಂಕ್ಸ್ ಎಂಬವನು 1953ನೇ ಇಸವಿ ಸಪ್ಟಂಬರದಿಂದ 1971ರ ವರೆಗೆ ಆಡಿದನು. ಅವನು ಟೆಕ್ಸಸ್ ಪ್ರಾಂತದ ಡಲ್ಲಾಸಿನಲ್ಲಿ ಹುಟ್ಟಿದ ನೀಗ್ರೋ ಕುಲದವನು. ಆ ಕುಲದವರನ್ನು ಬಹುಕಾಲ ಬಿಳಿಯರ ಸಂಗಡ ಆಡಗೊಡಿಸದೆ ಇದ್ದರು. 1947ರಲ್ಲಿ ಜಾಕಿ ರಾಬಿನ್‌ಸನ್ ಎಂಬವನು ಬ್ರೂಕ್ಲಿನ್ ಪಕ್ಷದಲ್ಲಿ ಆ ಕಟ್ಟನ್ನು ಮುರಿದನು. ಕಬ್ಸ್ ಪಕ್ಷದಲ್ಲಿ ಆಡಿದ ಮೊದಲನೆಯ ನೀಗ್ರೋವನು ಈ ಬ್ಯಾಂಕ್ಸನೇ. ಅವನು 2,528 ಆಟಗಳನ್ನಾಡಿ 512 ಹೋಮ್‌ರನ್ನುಗಳನ್ನು ಹೊಡೆದನು. 1958ರಲ್ಲಿಯೂ 1959ರಲ್ಲಿಯೂ ತನ್ನ ಲೀಗಿನ ಅತ್ಯುತ್ತಮ ಆಟಗಾರನೆಂಬ ಬಹುಮಾನ ಅವನಿಗೆ ದೊರಕಿತು. ಎರಡು ವರುಷ ಒಂದರ ಹಿಂದೊಂದಾಗಿ ಅದನ್ನು ಪಡೆದವರು ಆ ಲೀಗಿನಲ್ಲಿ ಅವನಿಗೆ ಮುಂಚೆ ಯಾರೂ ಇರಲಿಲ್ಲ. ಆ ಎರಡು ವರುಷಗಳಲ್ಲಿ ಅವನ ಪಕ್ಷದ ಗತಿ ಏನು? ಒಂದರಲ್ಲಿ 72 ಗೆಲುವು, 82 ಸೋಲು. ಮತ್ತೊಂದರಲ್ಲಿ 74 ಗೆಲುವು, 80 ಸೋಲು. ಅವನಿದ್ದ 19 ವರುಷಗಳಲ್ಲಿ 13 ವರುಷ ಆ ಪಕ್ಷದವರು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ವರುಷದ ಕೊನೆಯಲ್ಲಿ ಗೆದ್ದ ಪಕ್ಷಗಳು ಕೂಡಿ ಆಡುವ ವರ್ಲ್ಡ್ ಸೀರೀಸ್ ಎಂಬ ಕಡೇ ಪಂದ್ಯಗಳಲ್ಲಿ ಒಂದು ದಿನವಾದರೂ ನಿಲ್ಲುವ ಭಾಗ್ಯ ಅವನಿಗೆ ಬರಲೇ ಇಲ್ಲ. 1969ರಲ್ಲಿ, ಅವನಿಗೆ 38 ವರುಷವಾಗಿದ್ದಾಗ, ಬೇಸಿಗೆಯೆಲ್ಲಾ ಅವರ ಪಕ್ಷವು ಮುಂದಿತ್ತು. ಸಪ್ಟಂಬರದಲ್ಲಿ ಕಾಲು ಜಾರಿತು. ನ್ಯೂಯಾರ್ಕಿನ ಮೆಟ್ಸ್ ಪಕ್ಷದವರು ದಾಟಿಹೋದರು.

ಇಂಥವನು ದೊಡ್ಡವನಲ್ಲವೆಂದು ವಾದಿಸುವವರು ಹೇಳುವದೇನಂದರೆ, ಪುಟಕ್ಕೆ ಹಾಕದ ಚಿನ್ನವನ್ನು ಅಪರಂಜಿಯೆಂದು ಹೇಗೆ ನಂಬುವದು? ಕಡೇ ಪಂದ್ಯದ ದಿನ ಸಾವಿರಾರು ಜನರ ಮುಂದೆ ಕೈ ನಡುಗದೆ ಆಡಿದವನೇ ದೊಡ್ಡವನು. ಅಲ್ಲಿಗೆ ಬಾರದವನ ಸಾಮರ್ಥ್ಯವು ಶೋಧಿಸಲ್ಪಟ್ಟದ್ದಲ್ಲ. ಮೇಲಕ್ಕೆ ನೋಡಿದರೆ ಈ ವಾದವು ಬಲವುಳ್ಳದ್ದಾಗಿ ತೋರುವದು. ಆದರೆ ವಾಲ್ಟರ್ ಜಾನ್ಸನ್ ಎಂಬವನ ವೃತ್ತಾಂತವನ್ನು ಓದಿದ ಮೇಲೆ ನನಗೆ ಇದರಲ್ಲಿ ನಂಬಿಕೆ ಹೋಯಿತು.

ಜಾನ್ಸನನು 1907ರಿಂದ 1927ರ ವರೆಗೆ ವಾಷಿಂಗ್ಟನ್ ಪಕ್ಷದಲ್ಲಿಯೇ ಚೆಂಡೆಸೆದು 417 ಆಟಗಳನ್ನು ಗೆಲ್ಲಿಸಿದನು. ಅವನ ಪಕ್ಷವು ಬಹುಕಾಲ ಜನರ ನಗೆಗೆ ಗುರಿಯಾಗಿತ್ತು. 17 ವರುಷ ಅವನು ಕಡೇ ಪಂದ್ಯದ ಮೈದಾನವನ್ನು ಆಟಗಾರನಾಗಿ ತುಳಿಯಲಿಲ್ಲ. 1924ರಲ್ಲಿ, ಅವನಿಗೆ 36 ವರುಷವಾಗಿದ್ದಾಗ, ವಾಷಿಂಗ್ಟನ್ ಪಕ್ಷವು ಬರೀ ಎರಡು ಆಟಗಳ ಅಂತರದಿಂದ ಮುಂದಾಗಿ ಅಲ್ಲಿಗೆ ತಲಪಿತು. ಅಲ್ಲಿ ಅವನು ಮೊದಲನೆಯ ಆಟವನ್ನೂ ಐದನೆಯದನ್ನೂ ಸೋತನು. ಏಳನೆಯ ಕಡೇ ಆಟದಲ್ಲಿ ಒಂಬತ್ತನೆಯ ಸುತ್ತಿನಲ್ಲಿ ಅವನನ್ನು ತಿರಿಗಿ ಕರೆದರು. ನಾಲ್ಕು ಸುತ್ತು ಅವನು ನ್ಯೂಯಾರ್ಕಿನವರಿಗೆ ಒಂದು ಓಟವನ್ನೂ ಬಿಟ್ಟುಕೊಡಲಿಲ್ಲ. ಹನ್ನೆರಡನೆಯ ಸುತ್ತಿನಲ್ಲಿ ವಾಷಿಂಗ್ಟನಿನ ಒಬ್ಬನು ಹೊಡೆದ ಚೆಂಡು ನೆಲದ ಮೇಲೆ ಉರುಳುತ್ತಾ ಹೋಗಿ, ಒಂದು ಹರಳುಕಲ್ಲಿಗೆ ತಾಗಿತೆಂದು ಹೇಳುತ್ತಾರೆ, ಅಕಸ್ಮಾತ್ತಾಗಿ ಮೇಲಕ್ಕೆ ಚಿಮ್ಮಿ, ಹಿಡಿಯಬೇಕಾದವನ ತಲೆಯ ಮೇಲಿಂದ ಹಾರಿಹೋಯಿತು. ಓಟವು ಬಂತು, ಆಟವು ಗೆದ್ದಿತು.

ಈಗ ವಾಚಕರೇ ಆಲೋಚಿಸಿರಿ. ಆ ಕಲ್ಲು ಅಲ್ಲಿರದಿದ್ದರೆ ಜಾನ್ಸನನ ತೋಳು ಬೇರೆಯಾಗುತ್ತಿತ್ತೋ? ಆ ವರುಷ ವಾಷಿಂಗ್ಟನಿನವರು ಇನ್ನೆರಡು ಮೂರು ಆಟ ಸೋತಿದ್ದರೆ, ಅವನು ಹಿಂದಣ 17 ವರುಷಗಳಲ್ಲಿ ಎಸೆದದ್ದೆಲ್ಲಾ ವ್ಯರ್ಥವಾಗುತ್ತಿತ್ತೋ? ಒಬ್ಬ ಮನುಷ್ಯನ ಹಿರಿಮೆಯನ್ನು ಹರಳುಕಲ್ಲಿನ ಮೇಲೆ ನಿಲ್ಲಿಸುವವರು ಅದನ್ನು ಬಹಳ ಚಿಕ್ಕ ಪೀಠದ ಮೇಲೆ ನಿಲ್ಲಿಸುತ್ತಾರೆ. ಆದದರಿಂದ ಸೋಲುವವರ ಸಂಗಡ ಉಳಿದದ್ದು ಅವನ ಸಾಮರ್ಥ್ಯವನ್ನು ಕಡಿಮೆಮಾಡುವದಿಲ್ಲವೆಂಬಲ್ಲಿ ನನಗೆ ಸಂಶಯವಿಲ್ಲ.

ಆದರೆ ಇದರ ಮತ್ತೊಂದು ಮಗ್ಗುಲು ಇಷ್ಟು ಸುಲಭವಲ್ಲ. ಬೇರೆ ಕೆಲವರು, ಬ್ಯಾಂಕ್ಸನು ನಂಬಿಗಸ್ತನಾಗಿ ಉಳಿದದ್ದರಿಂದಲೇ ಅವನ ಹಿರಿಮೆ ಹೆಚ್ಚಿತೆಂದು ಹೊಗಳುತ್ತಾರೆ. ಕೆರೆ ಬತ್ತಿದರೆ ಕೊಕ್ಕರೆ ಹಾರಿಹೋಗುವದು, ಇವನು ಹಾರಿಹೋಗಲಿಲ್ಲವೆನ್ನುತ್ತಾರೆ. ನಾನೂ ಮೊದಲು ಹಾಗೆಯೇ ನೆನಸಿದ್ದೆನು. ಆದರೆ ಆ ಕಾಲದ ಕರಾರುಗಳ ವಿಷಯವನ್ನು ಓದಿದಾಗ ನಾಚಿಕೆಯಾಯಿತು. ಯಾಕಂದರೆ ಹತ್ತೊಂಬತ್ತನೆಯ ಶತಮಾನದಿಂದ 1975ರ ವರೆಗೆ ಆಟಗಾರರ ಕರಾರುಪತ್ರದಲ್ಲಿ ಒಂದು ಕಲಮು ಇತ್ತು. ಅದರ ಪ್ರಕಾರ ಒಂದು ಪಕ್ಷದ ಯಜಮಾನನು ಬಿಟ್ಟುಕೊಡುವ ತನಕ ಅಥವಾ ಬೇರೆಯವರಿಗೆ ಮಾರುವ ತನಕ ಆಟಗಾರನು ಆ ಯಜಮಾನನಿಗೇ ಸೇರಿದವನು. ಕರಾರಿನ ವರುಷ ತೀರಿದರೂ ತಾನಾಗಿ ಬೇರೊಂದು ಪಕ್ಷಕ್ಕೆ ಹೋಗಕೂಡದು. ಬ್ಯಾಂಕ್ಸನಿಗೆ ಮನಸ್ಸಿದ್ದರೂ ಹೋಗುವ ದಾರಿ ಇರಲಿಲ್ಲ. ಗಾಣಕ್ಕೆ ಕಟ್ಟಿದ ಎತ್ತು ಬೇರೆ ಹೊಲಕ್ಕೆ ಹೋಗಲಿಲ್ಲವೆಂದು ನಾವು ಅದರ ಸ್ಥಿರತೆಯನ್ನು ಕೊಂಡಾಡುತ್ತೇವೋ?

ಆ ನೊಗವು ಎಂಥದೆಂಬದು ಕರ್ಟ್ ಫ್ಲಡ್ ಎಂಬವನಿಂದ ತಿಳಿಯುವದು. ಅವನು ಸೈಂಟ್ ಲೂಯಿಸ್ ಪಕ್ಷದಲ್ಲಿ 12 ವರುಷ ಚೆನ್ನಾಗಿ ಆಡಿದವನು. 1969ರಲ್ಲಿ ಯಜಮಾನರು ಅವನನ್ನು ಒಂದು ಮಾತು ಕೇಳದೆ ಫಿಲಡೆಲ್ಫಿಯಾ ಪಕ್ಷಕ್ಕೆ ಬದಲಾಯಿಸಿಬಿಟ್ಟರು. ಅವನ ಸಂಬಳವು ಆಗಲೇ ವರುಷಕ್ಕೆ 90,000 ಡಾಲರು. ಆದರೂ ತಾನು ಕೊಂಡು ಮಾರುವ ಸೊತ್ತಲ್ಲವೆಂದು ಹೇಳಿ, 1970ರ ವರುಷವೆಲ್ಲಾ ಆಡದೆ ಕುಳಿತು, ನ್ಯಾಯಸ್ಥಾನಕ್ಕೆ ಹೋದನು. 1972ರಲ್ಲಿ ಆ ದೇಶದ ಉಚ್ಚನ್ಯಾಯಾಲಯವು, ಐವರು ಒಂದು ಕಡೆ ಮೂವರು ಮತ್ತೊಂದು ಕಡೆಯಾಗಿ, ಅವನಿಗೆ ವಿರೋಧವಾಗಿ ತೀರ್ಪುಮಾಡಿತು. ಅಷ್ಟರಲ್ಲಿ ಅವನ ಆಟದ ಕಾಲವು ಮುಗಿದುಹೋಗಿತ್ತು. ಮೂರು ವರುಷಗಳ ಮೇಲೆ, 1975ರ ಡಿಸಂಬರದಲ್ಲಿ, ಪೀಟರ್ ಸೈಟ್ಸ್ ಎಂಬ ಮಧ್ಯಸ್ಥನು ಬೇರೆ ಇಬ್ಬರು ಆಟಗಾರರ ವ್ಯಾಜ್ಯದಲ್ಲಿ ಆ ಕಟ್ಟನ್ನು ಬಿಚ್ಚಿದನು. ಫ್ಲಡನು ದ್ರೋಹಿಯೋ? ಯಜಮಾನನು ಮನಸ್ಸು ಬಂದಾಗ ಮಾರಬಹುದು, ಆಳು ಮಾತ್ರ ಬಿಡಬಾರದು ಎಂಬುವದಾದರೆ, ಅದು ಒಂದೇ ಕಡೆಯಿಂದ ಬೇಡುವ ನಂಬಿಗಸ್ತಿಕೆ. ಅದಕ್ಕೆ ಬೇರೆ ಹೆಸರಿದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬ್ಯಾಂಕ್ಸನ ಪಕ್ಷದ ಯಜಮಾನನು ಫಿಲಿಪ್ ರಿಗ್ಲಿ ಎಂಬ ಧನವಂತನು. ಬಾಯಲ್ಲಿ ಅಗಿಯುವ ಅಂಟುಮಿಠಾಯಿಯ ವ್ಯಾಪಾರ ಅವನದು. ಅವನು 1961ರಲ್ಲಿಯೂ 1962ರಲ್ಲಿಯೂ ಪಕ್ಷಕ್ಕೆ ಒಬ್ಬ ಮುಖ್ಯಸ್ಥನನ್ನು ನೇಮಿಸದೆ, ಹಲವರು ಶಿಕ್ಷಕರನ್ನಿಟ್ಟು, ಅವರು ಸರದಿಯಂತೆ ಮುಖ್ಯಸ್ಥರಾಗುವ ಹಾಗೆ ಏರ್ಪಾಡು ಮಾಡಿದನು. ಬಹುಮಂದಿ ಯಜಮಾನರಿದ್ದ ಮನೆಯ ಗತಿ ಏನೆಂದು ನಮ್ಮ ಹಳ್ಳಿಯವರಿಗೆ ಹೇಳಬೇಕಾಗಿಲ್ಲ. 1962ರಲ್ಲಿ ಆ ಪಕ್ಷವು 103 ಆಟಗಳನ್ನು ಸೋತಿತು. ನಂಬಿಗಸ್ತನಾದ ಆಳನ್ನು ನಾವು ಅತಿಯಾಗಿ ಕೊಂಡಾಡುವಾಗ, ಅವನ ಬೆನ್ನ ಹಿಂದೆ ಅಡಗಿಕೊಂಡಿರುವ ಅಜಾಗ್ರತೆಯ ಯಜಮಾನನನ್ನು ನೋಡದೆ ಬಿಡುತ್ತೇವೆ. ಆ ಹೊಗಳಿಕೆಯು ಯಜಮಾನನಿಗೇ ಲಾಭ.

ಹಾಗಾದರೆ ಬ್ಯಾಂಕ್ಸನಲ್ಲಿ ಕೊಂಡಾಡತಕ್ಕದ್ದು ಏನೂ ಇಲ್ಲವೋ? ಇದೆ, ಆದರೆ ಅದು ಉಳಿದದ್ದರಲ್ಲಿ ಇಲ್ಲ, ಹೇಗೆ ಉಳಿದನೋ ಅದರಲ್ಲಿ ಇದೆ. ಹೋಗುವ ಸ್ವಾತಂತ್ರ್ಯವು ಅವನಿಗಿರಲಿಲ್ಲ. ಮುಖ ಗಂಟಿಕ್ಕಿಕೊಂಡು ಅರೆಮನಸ್ಸಿನಿಂದ ಆಡುವ ಸ್ವಾತಂತ್ರ್ಯ ಪೂರಾ ಇತ್ತು. ವರುಷಕ್ಕೆ 154 ಆಟ, ಆ ಮೇಲೆ 162. ಅದರಲ್ಲಿ ಜುಲೈ ತಿಂಗಳಿಗೇ ಆಸೆಯೆಲ್ಲಾ ತೀರಿಹೋಗಿರುವಾಗ ಆಗಸ್ಟಿನ ಬಿಸಿಲಿನಲ್ಲಿ ಮೈಮುರಿದು ಆಡುವದು ಯಾರಿಗಾಗಿ? ಅವನು 1956ರಿಂದ 1961ರ ವರೆಗೆ ಒಂದು ಆಟವನ್ನೂ ತಪ್ಪಿಸದೆ 717 ಆಟಗಳನ್ನಾಡಿದನು. ಆ ವರುಷಗಳಲ್ಲಿ ಒಂದರಲ್ಲಿಯಾದರೂ ಅವನ ಪಕ್ಷವು ಸೋತದ್ದಕ್ಕಿಂತ ಹೆಚ್ಚು ಗೆದ್ದದ್ದಿಲ್ಲ. ದಿನವು ಚೆನ್ನಾಗಿದೆ, ಈ ಹೊತ್ತು ಒಂದಲ್ಲ, ಎರಡು ಆಟ ಆಡೋಣ ಎಂದು ಅವನು ಸಂಗಡಿಗರಿಗೆ ಹೇಳುತ್ತಿದ್ದ ಮಾತು ಆ ದೇಶದಲ್ಲಿ ನಾಣ್ಣುಡಿಯಾಗಿಬಿಟ್ಟಿದೆ. ಮೊಣಕಾಲು ಕೆಟ್ಟ ಮೇಲೆ ತನಗೆ ಪ್ರಿಯವಾದ ಸ್ಥಾನವನ್ನು ಬಿಟ್ಟು ಬೇರೆ ಸ್ಥಾನದಲ್ಲಿ ನಿಂತು ಇನ್ನೂ ಹತ್ತು ವರುಷ ಆಡಿದನು. ನನ್ನ ಅಭಿಪ್ರಾಯದಲ್ಲಿ ಅವನ ನಂಬಿಗಸ್ತಿಕೆಯು ರಿಗ್ಲಿಗೆ ಸಲ್ಲಿದ್ದಲ್ಲ. ಕೂಲಿಯ ಹಣದಲ್ಲಿ ಚೀಟಿ ಕೊಂಡು ಮಕ್ಕಳನ್ನು ಕರಕೊಂಡು ಬಂದು ಬೆಂಚಿನ ಮೇಲೆ ಕೂತ ಜನರಿಗೆ ಸಲ್ಲಿದ್ದು. ಅವರಿಗೆ ಸೋಲು ಹೊಸದಲ್ಲ. ಸೋಲುವ ದಿನದಲ್ಲಿಯೂ ನೋಡತಕ್ಕದ್ದೇನಾದರೂ ಸಿಕ್ಕಬೇಕಾಗಿತ್ತು.

ಕಟ್ಟು ಬಿಚ್ಚಿದ ಮೇಲಣ ಸಂಗತಿ ಬೇರೆ. ಟೋನಿ ಗ್ವಿನ್ ಎಂಬವನು 1982ರಿಂದ 2001ರ ವರೆಗೆ 20 ವರುಷ ಸ್ಯಾನ್ ಡಿಯೇಗೋ ಪಕ್ಷದಲ್ಲಿಯೇ ಆಡಿದನು. ಅವನಿಗೆ ಹೋಗುವ ಬಾಗಿಲು ತೆರೆದಿತ್ತು. ಬೇರೆಡೆ ಹೆಚ್ಚು ಹಣ ಸಿಕ್ಕುವದೆಂದು ತಿಳಿದೂ ಕಡಿಮೆಗೆ ಒಪ್ಪಿ ಉಳಿದನು. ಎಂಟು ಸಾರಿ ತನ್ನ ಲೀಗಿನಲ್ಲಿ ಹೊಡೆತಗಾರರ ಅಗ್ರಸ್ಥಾನ ಪಡೆದನು. 1984ರಲ್ಲಿಯೂ 1998ರಲ್ಲಿಯೂ ಕಡೇ ಪಂದ್ಯಕ್ಕೆ ಹೋಗಿ ಎರಡು ಸಾರಿಯೂ ಸೋತನು. ನಂಬಿಗಸ್ತಿಕೆ ಎಂಬ ಮಾತನ್ನು ಸಂಕೋಚವಿಲ್ಲದೆ ಉಪಯೋಗಿಸಬೇಕಾದರೆ ನಾನು ಇವನ ವಿಷಯದಲ್ಲಿ ಉಪಯೋಗಿಸುವೆನು.

ನಮ್ಮ ಯೌವನಸ್ಥನು ಕೇಳಿದ್ದಾದರೋ ಮೈಕ್ ಟ್ರೌಟ್ ಎಂಬವನ ವಿಷಯವಾಗಿ. ಅವನು 2019ರಲ್ಲಿ ಕ್ಯಾಲಿಫೋರ್ನಿಯಾದ ಏಂಜಲ್ಸ್ ಪಕ್ಷದ ಸಂಗಡ 12 ವರುಷಕ್ಕೆ 42 ಕೋಟಿ 65 ಲಕ್ಷ ಡಾಲರಿನ ಕರಾರು ಮಾಡಿಕೊಂಡನು. ಇನ್ನೆರಡು ವರುಷ ತಡೆದಿದ್ದರೆ ಯಾವ ಪಕ್ಷಕ್ಕಾದರೂ ಹೋಗಬಹುದಾಗಿತ್ತು. ಅಷ್ಟು ಹಣ ಕೊಟ್ಟರೆ ಯಾರು ಉಳಿಯರು ಎಂದು ನಗುವವರಿದ್ದಾರೆ. ಆ ನಗೆಯಲ್ಲಿ ಸ್ವಲ್ಪ ನಿಜವಿದೆ. ಆದರೆ ಅವನಂಥವನಿಗೆ ಅಷ್ಟು ಹಣ ಕೊಡುವವರು ಬೇರೆ ಕಡೆಯೂ ಸಿಕ್ಕುತ್ತಿದ್ದರಾದದರಿಂದ, ಹಣವೊಂದೇ ಅವನನ್ನು ಹಿಡಿದಿತೆನ್ನಲಾಗದು. 2018ರಿಂದ 2023ರ ವರೆಗೆ ಜಪಾನಿನ ಶೋಹೇ ಓಟಾನಿ ಎಂಬವನೂ ಅದೇ ಪಕ್ಷದಲ್ಲಿದ್ದನು. ಆ ಕಾಲದಲ್ಲಿ ಈ ಇಬ್ಬರೂ ಸೇರಿ ಮೂರು ಸಾರಿ ಅತ್ಯುತ್ತಮ ಆಟಗಾರನ ಬಹುಮಾನವನ್ನು ಗೆದ್ದರು. ಆ ಆರು ವರುಷಗಳಲ್ಲಿ ಒಂದು ವರುಷವಾದರೂ ಪಕ್ಷದ ಗೆಲುವು ಸೋಲಿಗಿಂತ ಹೆಚ್ಚಾಗಲಿಲ್ಲ. ಓಟಾನಿಯು ಬಿಟ್ಟು ಲಾಸ್ ಏಂಜಲಿಸಿನ ಡಾಡ್ಜರ್ಸ್ ಪಕ್ಷಕ್ಕೆ ಹೋದನು. 2024ರಲ್ಲಿಯೂ 2025ರಲ್ಲಿಯೂ ಕಡೇ ಪಂದ್ಯಗಳನ್ನು ಗೆದ್ದವರ ಸಂಗಡ ನಿಂತನು. ಟ್ರೌಟನು ಉಳಿದನು, ಗಾಯಗಳಿಂದ ಬಹಳ ಆಟಗಳನ್ನು ಕಳಕೊಂಡನು.

ಇವರಲ್ಲಿ ಓಟಾನಿಯನ್ನು ನಾನು ದೂಷಿಸಲಾರೆನು. ಆರು ವರುಷ ಕರಾರಿನಂತೆ ದುಡಿದು, ಸಾಲ ತೀರಿಸಿ ಹೋದವನು ಅವನು. ಟ್ರೌಟನನ್ನು ಹೋಗಲಿಲ್ಲವೆಂಬದಕ್ಕಾಗಿ ಹೊಗಳಲೂ ಆರೆನು. ಬುದ್ಧಿಯಿಲ್ಲದವನೆಂದು ಹೇಳಲು ಮಾತ್ರ ನನ್ನ ನಾಲಿಗೆ ಏಳುವದಿಲ್ಲ. ಅವರವರ ಕೈಯ ಸಾಮರ್ಥ್ಯವು ಒಂದು ಲೆಕ್ಕ, ಮನಸ್ಸಿನ ನಿಲುವು ಮತ್ತೊಂದು ಲೆಕ್ಕ. ಒಂದರ ಉಳಿಕೆಯನ್ನು ಮತ್ತೊಂದಕ್ಕೆ ಬರೆಯುವ ಲೆಕ್ಕಿಗನು ಎರಡನ್ನೂ ಕೆಡಿಸುವನು. ಆ ಹುಡುಗನಿಗೆ ನಾನು ಇಷ್ಟನ್ನು ಪತ್ರದಲ್ಲಿ ಬರೆದೆನು. ಅವನು ಒಪ್ಪಿಲ್ಲ. ಗೆಲ್ಲದವನ ಹೆಸರನ್ನು ಐವತ್ತು ವರುಷಗಳ ಮೇಲೆ ಯಾರು ನೆನಸುವರೆಂದು ತಿರಿಗಿ ಕೇಳಿದ್ದಾನೆ. ಅದಕ್ಕೆ ನಾನು ಈ ಕೆಳಗಿನ ಸಂಗತಿಯನ್ನೇ ಬರೆದು ಕಳುಹಿಸಲಿದ್ದೇನೆ.

ಬ್ಯಾಂಕ್ಸನನ್ನು 1977ರಲ್ಲಿ ಕೂಪರ್ಸ್‌ಟೌನಿನ ಕೀರ್ತಿಮಂದಿರಕ್ಕೆ ಮೊದಲನೆಯ ಸಾರಿಗೇ ಆರಿಸಿದರು. 2013ರಲ್ಲಿ ಆ ದೇಶದ ಅಧ್ಯಕ್ಷನು ಅವನಿಗೆ ಸ್ವಾತಂತ್ರ್ಯದ ಪದಕವನ್ನು ತೊಡಿಸಿದನು. 2015ರ ಜನವರಿಯಲ್ಲಿ, 83 ವರುಷ ಪ್ರಾಯದಲ್ಲಿ, ತನ್ನ ಪಕ್ಷವು ಗೆದ್ದದ್ದನ್ನು ಕಾಣದೆಯೇ ಅವನು ತೀರಿಹೋದನು. ಮರುವರುಷ ಕಳೆದು 2016ನೇ ನವಂಬರ 2ನೇ ತಾರೀಖಿನ ರಾತ್ರಿ ಕ್ಲೀವ್‌ಲ್ಯಾಂಡಿನಲ್ಲಿ ಕಬ್ಸ್ ಪಕ್ಷದವರು ಹತ್ತು ಸುತ್ತು ಆಡಿ, 8ಕ್ಕೆ 7 ಓಟದಿಂದ ಗೆದ್ದರು; 1908ರ ನಂತರ ಅದೇ ಮೊದಲು. ಆ ದಿನಗಳಲ್ಲಿ ಶಿಕಾಗೋವಿನ ಜನರು ತಮ್ಮ ಆಟದ ಮೈದಾನದ ಇಟ್ಟಿಗೆಗೋಡೆಯ ಬಳಿಗೆ ಸೀಮೆಸುಣ್ಣ ಹಿಡುಕೊಂಡು ಬಂದು, ಈ ಗೆಲುವನ್ನು ಕಾಣದೆ ಸತ್ತ ತಮ್ಮ ತಂದೆತಾಯಿಗಳ, ಅಜ್ಜಂದಿರ ಹೆಸರುಗಳನ್ನು ಗೋಡೆಯ ಮೇಲೆ ಕೈಗೆಟಕುವಷ್ಟು ಎತ್ತರದ ವರೆಗೂ ಬರೆದರು. ಅದೇ ಮೈದಾನದ ಹೊರಗೆ, ದೊಣ್ಣೆ ಎತ್ತಿ ಚೆಂಡಿಗಾಗಿ ಕಾದು ನಿಂತಿರುವ ಬ್ಯಾಂಕ್ಸನ ಪ್ರತಿಮೆಯನ್ನು ಅವರು 2008ರಲ್ಲಿಯೇ, ಆ ಗೆಲುವು ಬರುವದಕ್ಕೆ ಮುಂಚೆ, ನಿಲ್ಲಿಸಿದ್ದರು.